ಆಬ್ಜ್‌ಟೂಲ್ ಎಚ್ಚರಿಸಿದರೆ ತಪ್ಪು ಯಾರದು?

ಪ್ರಶ್ನೆ: ಲಿನಕ್ಸ್ ಕರ್ನಲ್ ಬಿಲ್ಡ್ ಮಾಡುವಾಗ ನನ್ನ ಡ್ರೈವರ್ ಮೇಲೆ ‘ಆಬ್ಜ್‌ಟೂಲ್: ಫಾಲ್ಸ್ ಥ್ರೂ ಟು ನೆಕ್ಸ್ಟ್ ಫಂಕ್ಷನ್’ ಎಂಬ ಎಚ್ಚರಿಕೆ ಬರುತ್ತಿದೆ. ಜಿಸಿಸಿ ಕಂಪೈಲರ್‌ನಲ್ಲಿ ಇಲ್ಲ, ಕ್ಲ್ಯಾಂಗ್ ಕಂಪೈಲರ್‌ನಲ್ಲಿ ಮಾತ್ರ. ಸಿ ಕೋಡ್ ಎಷ್ಟು ಸಲ ಓದಿದರೂ ತಪ್ಪು ಕಾಣುತ್ತಿಲ್ಲ. ಇದು ನನ್ನ ಕೋಡ್‌ನ ದೋಷವೋ, ಟೂಲ್‌ನ ಬಗ್ಗೋ? ಸರಿಪಡಿಸುವುದು ಹೇಗೆ?

ಉತ್ತರ: ಸಿ ಕೋಡನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಆಬ್ಜ್‌ಟೂಲ್ ಅದನ್ನು ಓದುವುದೇ ಇಲ್ಲ. ಕಂಪೈಲರ್ ಯಂತ್ರಭಾಷೆಯಲ್ಲಿ ಬರೆದಿಟ್ಟ ಆಬ್ಜೆಕ್ಟ್ (.ಒ) ಫೈಲನ್ನು ಮಾತ್ರ ಅದು ಬಿಚ್ಚಿ ನೋಡುತ್ತದೆ. ಅದು ನೋಡಿದ್ದನ್ನೇ ನೀವೂ ನೋಡುವವರೆಗೆ ತಪ್ಪು ಯಾರದೆಂದು ಹೇಳಲಾಗದು.

ಜಾಶ್ ಪಾಯಿಂಬೋಫ್ ಬರೆದ ಈ ಟೂಲ್ 2016ರಲ್ಲಿ, 4.6ನೇ ಆವೃತ್ತಿಯಲ್ಲಿ ಕರ್ನಲ್‌ಗೆ ಸೇರಿತು. ಆಗ ಅದಕ್ಕಿದ್ದ ಕೆಲಸ ಒಂದೇ: ಪ್ರತಿ ಫಂಕ್ಷನ್ ಫ್ರೇಮ್ ಪಾಯಿಂಟರನ್ನು (ಸ್ಟ್ಯಾಕ್‌ನಲ್ಲಿ ತನ್ನ ಭಾಗ ಎಲ್ಲಿದೆ ಎಂದು ತೋರಿಸುವ ರಿಜಿಸ್ಟರ್) ಸರಿಯಾಗಿ ಇಟ್ಟುಕೊಂಡಿದೆಯೇ ಎಂದು ಪರೀಕ್ಷಿಸುವುದು. 2017ರ 4.14ರಲ್ಲಿ ಆರ್ಕ್ ಅನ್‌ವೈಂಡರ್ ಬಂದಾಗ ಅದರ ಸ್ಥಾನ ಬದಲಾಯಿತು. ಫ್ರೇಮ್ ಪಾಯಿಂಟರ್ ಇಲ್ಲದೆಯೇ ಸ್ಟ್ಯಾಕನ್ನು ಹಿಂದಕ್ಕೆ ಬಿಚ್ಚಲು ಬೇಕಾದ ಕೋಷ್ಟಕವನ್ನು ಆಬ್ಜ್‌ಟೂಲೇ ತಯಾರಿಸಿ .ಒ ಫೈಲ್‌ಗೆ ಬರೆಯತೊಡಗಿತು. ಈ ಕೋಷ್ಟಕ ತಪ್ಪಿದರೆ ಊಪ್ಸ್ (ಕರ್ನಲ್ ಎಡವಿದಾಗ ಕೊಡುವ ದೋಷ ವರದಿ) ಬಂದಾಗ ಕಾಣುವ ಕಾಲ್ ಟ್ರೇಸ್ ತಪ್ಪುತ್ತದೆ. ಓಡುತ್ತಿರುವ ಕರ್ನಲನ್ನು ರೀಬೂಟ್ ಇಲ್ಲದೆ ತಿದ್ದುವ ಲೈವ್‌ಪ್ಯಾಚ್ ಇನ್ನೂ ಸೂಕ್ಷ್ಮ. ಬದಲಾಯಿಸಬೇಕಾದ ಫಂಕ್ಷನ್ ಯಾವುದಾದರೂ ಟಾಸ್ಕ್‌ನ ಸ್ಟ್ಯಾಕ್ ಮೇಲೆ ಇನ್ನೂ ಇದೆಯೇ ಎಂದು ಅದು ಈ ಮಾಹಿತಿಯನ್ನು ನಂಬಿಯೇ ತೀರ್ಮಾನಿಸುತ್ತದೆ. ಹಾಗಾಗಿ ಬಿಲ್ಡ್ ಮುಗಿಯಿತಲ್ಲ ಎಂದು ಈ ಎಚ್ಚರಿಕೆಯನ್ನು ಬಿಟ್ಟುಬಿಡುವ ಹಾಗಿಲ್ಲ.

ಟೂಲ್ ಕೆಲಸ ಮಾಡುವ ರೀತಿ ಗೊತ್ತಿದ್ದರೆ ಅದರ ಮಾತು ಅರ್ಥವಾಗುತ್ತದೆ. ಫಂಕ್ಷನ್‌ನ ಮೊದಲ ಇನ್‌ಸ್ಟ್ರಕ್ಷನ್‌ನಿಂದ ಹೊರಟು ಒಂದೊಂದನ್ನೇ ಡಿಕೋಡ್ ಮಾಡುತ್ತ ಹೋಗುತ್ತದೆ. ಷರತ್ತಿನ ಜಂಪ್ ಸಿಕ್ಕರೆ ಎರಡೂ ದಾರಿ ಹಿಡಿಯುತ್ತದೆ. ಬೂಟ್ ಸಮಯದಲ್ಲಿ ಸಿಪಿಯುಗೆ ತಕ್ಕಂತೆ ಬದಲಾಗುವ ‘ಆಲ್ಟರ್ನೇಟಿವ್’ ಕೋಡ್ ಇದ್ದರೆ ಹಳೆಯದು, ಹೊಸದು ಎರಡನ್ನೂ ನಡೆದು ನೋಡುತ್ತದೆ. ಪ್ರತಿ ಹೆಜ್ಜೆಯಲ್ಲೂ ಸ್ಟ್ಯಾಕ್ ಪಾಯಿಂಟರ್ ಎಲ್ಲಿದೆ, ಯಾವ ರಿಜಿಸ್ಟರ್ ಎಲ್ಲಿ ಉಳಿಸಿಟ್ಟಿದೆ ಎಂಬ ಲೆಕ್ಕ ಇಡುತ್ತದೆ. ರೆಟ್ (ಕರೆದವರ ಬಳಿಗೆ ಮರಳುವ ಇನ್‌ಸ್ಟ್ರಕ್ಷನ್) ಬಂದಾಗ ಸ್ಟ್ಯಾಕ್ ಒಳಬಂದಾಗಿನ ಸ್ಥಿತಿಯಲ್ಲೇ ಇರಬೇಕು. ಎರಡು ದಾರಿಗಳು ಒಂದೇ ಇನ್‌ಸ್ಟ್ರಕ್ಷನ್‌ನಲ್ಲಿ ಕೂಡಿದರೆ ಎರಡರ ಲೆಕ್ಕವೂ ತಾಳೆಯಾಗಬೇಕು. ಆಗದಿದ್ದರೆ ‘ಸ್ಟ್ಯಾಕ್ ಸ್ಟೇಟ್ ಮಿಸ್‌ಮ್ಯಾಚ್’. ಯಾವ ದಾರಿಯಿಂದಲೂ ತಲುಪಲಾಗದ ಇನ್‌ಸ್ಟ್ರಕ್ಷನ್ ಉಳಿದರೆ ‘ಅನ್‌ರೀಚಬಲ್ ಇನ್‌ಸ್ಟ್ರಕ್ಷನ್’. ನಡೆಯುತ್ತ ನಡೆಯುತ್ತ ಫಂಕ್ಷನ್‌ನ ಗಡಿ ದಾಟಿ ಪಕ್ಕದ ಫಂಕ್ಷನ್‌ಗೆ ಕಾಲಿಟ್ಟರೆ ನಿಮಗೆ ಬಂದ ಎಚ್ಚರಿಕೆ.

ಮೊದಲು ಸಾಕ್ಷ್ಯ ಹಿಡಿಯಿರಿ. ಎಚ್ಚರಿಕೆ ಬಂದ ಕಾನ್ಫಿಗ್ ಫೈಲನ್ನು ಬೇರೆಡೆ ನಕಲು ಮಾಡಿಡಿ, ಕಂಪೈಲರ್ ಆವೃತ್ತಿ ಬರೆದಿಟ್ಟುಕೊಳ್ಳಿ. ಈಚಿನ ಕರ್ನಲ್‌ಗಳಲ್ಲಿ ಮೇಕ್ ಆಜ್ಞೆಗೆ ಆಬ್ಜ್‌ಟೂಲ್_ವರ್ಬೋಸ್ ಎಂಬ ವೇರಿಯೇಬಲನ್ನು 1 ಎಂದು ಕೊಟ್ಟರೆ (ದೊಡ್ಡಕ್ಷರಗಳಲ್ಲಿ) ಎಚ್ಚರಿಕೆಯ ಕೆಳಗೇ ಆ ಫಂಕ್ಷನ್‌ನ ಡಿಸ್‌ಅಸೆಂಬ್ಲಿ ಸಿಗುತ್ತದೆ. ಹಳೆಯದಾದರೆ ಆಬ್ಜ್‌ಡಂಪ್‌ಗೆ ಡಿ ಮತ್ತು ಆರ್ ಆಯ್ಕೆ ಎರಡನ್ನೂ ಕೊಡಿ. ಆರ್ ಮರೆತರೆ ರಿಲೊಕೇಶನ್‌ಗಳು, ಅಂದರೆ ಲಿಂಕರ್ ಆಮೇಲೆ ತುಂಬಬೇಕಾದ ವಿಳಾಸಗಳ ಗುರುತುಗಳು, ಕಾಣವು. ಆಗ ಪ್ರತಿ ಕಾಲ್ ಇನ್‌ಸ್ಟ್ರಕ್ಷನ್ ತನ್ನ ಮುಂದಿನ ವಿಳಾಸಕ್ಕೇ ಹೋಗುವಂತೆ ತೋರಿ ದಾರಿ ತಪ್ಪಿಸುತ್ತದೆ.

ಹಲವರು ಎಡವುವುದು ಇಲ್ಲಿ: ಒಂದೇ .ಒ ಫೈಲ್ ಬಿಲ್ಡ್ ಮಾಡಿದರೆ ಎಚ್ಚರಿಕೆ ಮಾಯ, ಪೂರ್ತಿ ಕರ್ನಲ್ ಮಾಡಿದರೆ ಪ್ರತ್ಯಕ್ಷ. ಇದರಲ್ಲಿ ಮಾಯೆಯೇನೂ ಇಲ್ಲ. ಎಕ್ಸ್86 ಐಬಿಟಿ (ಇನ್‌ಡೈರೆಕ್ಟ್ ಜಂಪ್‌ಗಳ ರಕ್ಷಣೆ) ಅಥವಾ ಕ್ಲ್ಯಾಂಗ್ ಎಲ್‌ಟಿಒ (ಲಿಂಕ್ ಹಂತದ ಆಪ್ಟಿಮೈಸೇಶನ್) ಕಾನ್ಫಿಗ್ ಆನ್ ಇದ್ದರೆ ಆಬ್ಜ್‌ಟೂಲ್ ಓಡುವುದು ಕೊನೆಯಲ್ಲಿ, ಎಲ್ಲ ಸೇರಿಸಿದ ವಿಎಂಲಿನಕ್ಸ್.ಒ ಮೇಲೆ.

ಈಗ ಡಿಸ್‌ಅಸೆಂಬ್ಲಿಯಲ್ಲಿ ಗಡಿ ದಾಟಿದ ಜಾಗಕ್ಕೆ ಹೋಗಿ, ಅಲ್ಲಿನ ಕೊನೆಯ ಇನ್‌ಸ್ಟ್ರಕ್ಷನ್ ಯಾವುದೆಂದು ನೋಡಿ. ಹೆಚ್ಚಿನ ಸಲ ಉತ್ತರ ಅಲ್ಲೇ ಇರುತ್ತದೆ.

ಕೊನೆಯದು ಕಾಲ್ ಆಗಿದ್ದರೆ ಮೊದಲ ಅನುಮಾನ ನೋರಿಟರ್ನ್ ಮೇಲೆ. ಪ್ಯಾನಿಕ್, ಡು_ಎಕ್ಸಿಟ್ ಮುಂತಾದವು ಕರೆದವರ ಬಳಿಗೆ ಮರಳುವುದಿಲ್ಲ. ಹೆಡರ್‌ನಲ್ಲಿ ಹಾಗೆಂದು ಬರೆದಿರುವುದರಿಂದ ಕಂಪೈಲರ್‌ಗೆ ಗೊತ್ತು. ಆ ಕರೆಯ ನಂತರ ಒಂದು ಬೈಟೂ ಬರೆಯುವುದಿಲ್ಲ. ಆದರೆ ಆ ಗುರುತು .ಒ ಫೈಲ್‌ಗೆ ಇಳಿಯುವುದಿಲ್ಲ. ಅದೇ ಫೈಲ್‌ನೊಳಗಿನ ಫಂಕ್ಷನ್ ಆದರೆ ಅದರಲ್ಲಿ ಎಲ್ಲೂ ರೆಟ್ ಇಲ್ಲ ಎಂದು ಟೂಲ್ ತಾನೇ ಕಂಡುಕೊಳ್ಳುತ್ತದೆ. ಬೇರೆ ಫೈಲ್‌ನದಾದರೆ ಅದಕ್ಕಿರುವ ಆಧಾರ ಟೂಲ್ಸ್ ಫೋಲ್ಡರ್‌ನ ಆಬ್ಜ್‌ಟೂಲ್ ಒಳಗಿರುವ ನೋರಿಟರ್ನ್ಸ್.ಎಚ್ ಎಂಬ ಕೈಬರಹದ ಪಟ್ಟಿ ಮಾತ್ರ. ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಕರೆ ಮರಳಿ ಬಂತು ಎಂದೇ ಅದು ನಂಬಿ ಮುಂದೆ ನಡೆದು ಪಕ್ಕದ ಫಂಕ್ಷನ್‌ಗೆ ಬೀಳುತ್ತದೆ.

ಪರಿಹಾರ ಮೂರು ಕಡೆ ಒಟ್ಟಿಗೆ ಆಗಬೇಕು: ಮರಳದ ಆ ಫಂಕ್ಷನ್‌ನ ಸಿ ಫೈಲ್‌ನ ವ್ಯಾಖ್ಯೆಗೂ ಹೆಡರ್‌ನ ಘೋಷಣೆಗೂ ನೋರಿಟರ್ನ್ ಗುರುತು, ಈ ಪಟ್ಟಿಗೆ ಅದರ ಹೆಸರು. ಪಟ್ಟಿ ಅಕಾರಾದಿಯಲ್ಲಿದೆ, ಸಾಲನ್ನು ಅದರ ಸ್ಥಾನದಲ್ಲೇ ಸೇರಿಸಿ. ಹೆಡರ್‌ನಲ್ಲಿ ಮಾತ್ರ ಗುರುತು ಹಾಕದೆ ಬಿಟ್ಟರೆ ತೊಂದರೆ ತಿರುಗಿ ನಿಲ್ಲುತ್ತದೆ. ಕರೆ ಮರಳುವುದಿಲ್ಲ ಎಂದು ಟೂಲ್‌ಗೆ ಗೊತ್ತು, ಕಂಪೈಲರ್‌ಗೆ ಗೊತ್ತಿಲ್ಲ. ಅದು ಕರೆಯ ನಂತರವೂ ಕೋಡ್ ಬರೆದಿರುತ್ತದೆ, ಟೂಲ್ ಅದನ್ನು ‘ಅನ್‌ರೀಚಬಲ್’ ಎನ್ನುತ್ತದೆ.

ಆ ಕೊನೆಯ ಕಾಲ್ ಯುಬಿಸ್ಯಾನ್‌ನ (ಸಿ ಭಾಷೆಯ ನಿಯಮ ಮೀರುವುದನ್ನು ಓಡುವಾಗ ಹಿಡಿಯುವ ಸೌಲಭ್ಯ) ‘ಔಟ್ ಆಫ್ ಬೌಂಡ್ಸ್’ ಹ್ಯಾಂಡ್ಲರ್‌ಗೆ ಹೋಗುತ್ತಿದ್ದರೆ ಮಾತ್ರ ಪಟ್ಟಿಯ ತಂಟೆಗೆ ಹೋಗಬೇಡಿ. ಅದು ವರದಿ ಮಾಡಿ ಮರಳುವ ಫಂಕ್ಷನ್. ಅದರ ಮುಂದೆ ಕೋಡ್ ಇಲ್ಲ ಎಂದರೆ ಬೇರೆಯದೇ ಕಾರಣವಿದೆ. ನಿಮ್ಮದು ಕ್ಲ್ಯಾಂಗ್‌ನಲ್ಲಿ ಮಾತ್ರ ಬರುವ ಎಚ್ಚರಿಕೆ ಆದ್ದರಿಂದ ಮುಂದೆ ಹೇಳುವ ಆ ಕಾರಣವನ್ನೇ ಬಲವಾಗಿ ಶಂಕಿಸಬೇಕು.

ಸಿ ಭಾಷೆಯ ನಿಯಮ ಮೀರಿದ ದಾರಿಗೆ, ಉದಾಹರಣೆಗೆ ಸೊನ್ನೆಯಿಂದ ಭಾಗಿಸುವುದು ಅಥವಾ ಅರೇ ಅಂಚಿನಾಚೆ ಓದುವುದಕ್ಕೆ, ಅರ್ಥವೇ ನಿಗದಿಯಾಗಿಲ್ಲ. ಆ ದಾರಿಯಲ್ಲಿ ಹೋದರೆ ಅದು ಖಂಡಿತ ಘಟಿಸುತ್ತದೆ ಎಂದು ಕ್ಲ್ಯಾಂಗ್‌ಗೆ ಗೊತ್ತಾದರೆ, ಇಲ್ಲಿಗೆ ಯಾರೂ ಬರುವುದಿಲ್ಲ ಎಂದುಕೊಂಡು ದಾರಿಯನ್ನು ಅಲ್ಲೇ ತುಂಡರಿಸುತ್ತದೆ. ರೆಟ್ ಇಲ್ಲ, ಟ್ರ್ಯಾಪ್ ಇಲ್ಲ. ಸಿಪಿಯು ಆ ದಾರಿ ಹಿಡಿದರೆ ನಿಜವಾಗಿಯೂ ಪಕ್ಕದ ಫಂಕ್ಷನ್‌ನ ಕೋಡನ್ನೇ ಓಡಿಸುತ್ತದೆ. ಇಲ್ಲಿ ಟೂಲ್ ಹೇಳಿದ್ದು ಅಕ್ಷರಶಃ ಸತ್ಯ.

ನೈಜ ಉದಾಹರಣೆ ನೋಡಿ. 2025ರಲ್ಲಿ ಎಎಂಡಿ ಎಸ್‌ಪಿಐ ಡ್ರೈವರ್‌ನಲ್ಲಿ, ವೇಗ ನಿಗದಿ ಮಾಡುವ ಫಂಕ್ಷನ್ ಮೇಲೆ ಇದೇ ಎಚ್ಚರಿಕೆ ಬಂದಿತ್ತು. ವೇಗಗಳ ಪಟ್ಟಿ ಒಂದು ಅರೇಯಲ್ಲಿದೆ. ಲೂಪ್ ಒಂದೊಂದನ್ನೇ ನೋಡುತ್ತ, ಕೇಳಿದ ವೇಗಕ್ಕೆ ಹೊಂದುವುದು ಸಿಕ್ಕೊಡನೆ ಬ್ರೇಕ್ ಆಗುತ್ತದೆ. ನಂತರ ಲೂಪ್‌ನ ಎಣಿಕೆಯಾದ ಐ ಸೂಚಿಸುವ ಸ್ಥಾನದ ನಮೂದನ್ನು ಬಳಸುತ್ತಾರೆ. ಕೇಳಿದ ವೇಗ ಪಟ್ಟಿಯ ಕನಿಷ್ಠಕ್ಕಿಂತ ಕಡಿಮೆ ಇದ್ದರೆ? ಬ್ರೇಕ್ ಆಗುವುದೇ ಇಲ್ಲ, ಐ ಅರೇಯ ಉದ್ದಕ್ಕೆ ಸಮನಾಗುತ್ತದೆ, ಮುಂದಿನ ಸಾಲು ಅಂಚಿನಾಚೆ ಕೈ ಚಾಚುತ್ತದೆ. ತಿದ್ದುಪಡಿ ಇಷ್ಟೇ: ಲೂಪ್ ಕೊನೆಯ ನಮೂದಿನಲ್ಲೇ ನಿಲ್ಲುವಂತೆ ಮಿತಿಯನ್ನು ಒಂದು ಕಡಿಮೆ ಮಾಡಿದರು. ಕಡಿಮೆ ವೇಗ ಕೇಳಿದವರಿಗೆ ಪಟ್ಟಿಯ ಕನಿಷ್ಠ ವೇಗ ಸಿಗುತ್ತದೆ. ಓದುವಾಗ ಎಲ್ಲರ ಕಣ್ಣೂ ಜಾರಿಬಿಡುವಂಥ ಲೂಪ್ ಇದು. ನಿಮ್ಮ ಡ್ರೈವರ್‌ನಲ್ಲಿ ‘ಹುಡುಕು, ಬ್ರೇಕ್ ಮಾಡು, ಆಮೇಲೆ ಐ ಬಳಸು’ ಎಂಬ ಆಕಾರದ ಲೂಪ್ ಇದೆಯೇ ಎಂದು ಮೊದಲು ನೋಡಿ.

ಅದೇ ವರ್ಷ ಮೀಡಿಯಾಟೆಕ್ ಪಿಡಬ್ಲ್ಯುಎಂ ಡ್ರೈವರ್‌ನಲ್ಲಿ ಸಿಕ್ಕಿದ್ದು ಭಾಗಾಕಾರ. ಕ್ಲಾಕ್ ಬೆಂಬಲವಿಲ್ಲದ ಕಾನ್ಫಿಗ್‌ನಲ್ಲಿ ಕ್ಲಾಕ್ ದರ ಕೇಳುವ ಫಂಕ್ಷನ್ ಬರೀ ಸೊನ್ನೆ ಕೊಡುವ ಖಾಲಿ ರೂಪ. ಕ್ಲ್ಯಾಂಗ್ ಆ ಸೊನ್ನೆಯನ್ನು ಭಾಗಾಕಾರದವರೆಗೂ ಒಯ್ದು ಉಳಿದದ್ದನ್ನೆಲ್ಲ ಕತ್ತರಿಸಿತು. ದರ ಸೊನ್ನೆಯಾದರೆ ದೋಷ ಸಂಖ್ಯೆ ಕೊಟ್ಟು ಹಿಂದಿರುಗುವ ಒಂದು ಪರೀಕ್ಷೆ ಸಾಕಾಯಿತು. ಇಂಥ ಕಡೆ ‘ನಮ್ಮ ಬೋರ್ಡ್‌ನಲ್ಲಿ ಇದು ಆಗದು’ ಎಂದು ವಾದಿಸುವುದಕ್ಕಿಂತ ಆ ಪರೀಕ್ಷೆ ಬರೆಯುವುದೇ ಸರಿ.

ಉಳಿದ ಎಚ್ಚರಿಕೆಗಳ ಬಗ್ಗೆ ಚುಟುಕಾಗಿ. ‘ಲೀವ್ಸ್ ನೋಇನ್‌ಸ್ಟರ್ ಟೆಕ್ಸ್ಟ್ ಸೆಕ್ಷನ್’ ಎಂದರೆ, ಟ್ರೇಸಿಂಗ್ ನಿಷಿದ್ಧವಾದ ಪ್ರವೇಶ ಕೋಡ್‌ನಿಂದ ಸಾಮಾನ್ಯ ಫಂಕ್ಷನ್‌ಗೆ ಕರೆ ಹೋಗಿದೆ. ಇನ್‌ಲೈನ್ ಎಂದಷ್ಟೇ ಬರೆದದ್ದನ್ನು ಕಂಪೈಲರ್ ಪಾಲಿಸದೆ ಬಿಟ್ಟಿರುತ್ತದೆ, ಮುಖ್ಯವಾಗಿ ಕೆಸ್ಯಾನ್‌ನಂಥ ಮೆಮೊರಿ ದೋಷ ಪತ್ತೆಯ ಸೌಲಭ್ಯಗಳು ಆನ್ ಇದ್ದಾಗ. ಆಲ್ವೇಸ್_ಇನ್‌ಲೈನ್ ಮಾಡಿ. ‘ವಿತ್ ಯುಆ್ಯಕ್ಸೆಸ್ ಎನೇಬಲ್ಡ್’ ಬಂದರೆ, ಯೂಸರ್ ಮೆಮೊರಿಯ ಬಾಗಿಲು ತೆರೆದಿಟ್ಟುಕೊಂಡೇ ಬೇರೆ ಫಂಕ್ಷನ್ ಕರೆದಿದ್ದೀರಿ. ಬಹಳ ಸಲ ಅದು ಅನ್‌ಸೇಫ್_ಪುಟ್_ಯೂಸರ್‌ನ ಆರ್ಗ್ಯುಮೆಂಟ್ ಒಳಗೇ ಅಡಗಿರುತ್ತದೆ. ಬೆಲೆಯನ್ನು ಮೊದಲೇ ಒಂದು ವೇರಿಯೇಬಲ್‌ಗೆ ತೆಗೆದುಕೊಂಡು ನಂತರ ಬಾಗಿಲು ತೆರೆಯಿರಿ. ಕೈಯಿಂದ ಬರೆದ ಅಸೆಂಬ್ಲಿಯಲ್ಲಿ ಎಚ್ಚರಿಕೆ ಬಂದರೆ ಫಂಕ್ಷನ್‌ನ ಆರಂಭ, ಅಂತ್ಯ ಗುರುತಿಸುವ ಸಿಮ್_ಫಂಕ್ ಮ್ಯಾಕ್ರೋಗಳು, ಪುಶ್‌ಗೆ ತಕ್ಕ ಪಾಪ್ ಇವೆಯೇ ಎಂದು ಎಣಿಸಿ.

ಇವೆಲ್ಲ ಮುಗಿದ ಮೇಲೂ ಆಬ್ಜೆಕ್ಟ್ ಕೋಡ್ ಸರಿಯಾಗಿಯೇ ಇದ್ದರೆ ಟೂಲ್‌ನ ಬಗ್ ಎನ್ನಬಹುದು. ಅವೂ ಇವೆ, ಅವುಗಳ ಮೂಲ ಸಾಮಾನ್ಯವಾಗಿ ಮೂರು ಕಡೆ. ಸ್ವಿಚ್ ಹೇಳಿಕೆಗೆ ಕಂಪೈಲರ್ ಮಾಡುವ ಜಂಪ್ ಟೇಬಲ್ ಮೊದಲನೆಯದು. ಇನ್‌ಡೈರೆಕ್ಟ್ ಜಂಪ್ ಎಲ್ಲಿಗೆ ಹೋಗುತ್ತದೆಂದು ಇನ್‌ಸ್ಟ್ರಕ್ಷನ್‌ನಲ್ಲಿ ಬರೆದಿರುವುದಿಲ್ಲ. ಟೂಲ್ ಅಲ್ಲಿಂದ ಹಿಂದಕ್ಕೆ ಹುಡುಕಿ, ರೋಡೇಟಾಗೆ (ಓದಲಷ್ಟೇ ಇರುವ ಡೇಟಾ ಭಾಗ) ಕೈತೋರಿಸುವ ರಿಲೊಕೇಶನ್ ಹಿಡಿದು ಊಹಿಸುತ್ತದೆ. ಹೊಸ ಕಂಪೈಲರ್ ಬೇರೆ ರೀತಿಯಲ್ಲಿ ಬರೆದರೆ ಊಹೆ ತಪ್ಪಿ, ಅದನ್ನು ಟೇಲ್ ಕಾಲ್ (ಮರಳುವ ಬದಲು ಬೇರೆ ಫಂಕ್ಷನ್‌ಗೆ ನೇರ ಜಂಪ್) ಎಂದು ತಿಳಿದು ‘ಸಿಬ್ಲಿಂಗ್ ಕಾಲ್’ ಎಚ್ಚರಿಕೆ ಕೊಡುತ್ತದೆ.

ಎರಡನೆಯದು ಸಿಂಬಲ್ ಟೇಬಲ್. ಆರ್ಕ್ ಬರೆಯುವಾಗ ಟೂಲ್ ಪ್ರತಿ ವಿಳಾಸವನ್ನೂ ‘ಸೆಕ್ಷನ್ ಸಿಂಬಲ್, ಅದರಿಂದ ಇಷ್ಟು ದೂರ’ ಎಂದು ಬರೆಯುತ್ತಿತ್ತು. ಬಳಕೆಯಿಲ್ಲದ ಸೆಕ್ಷನ್ ಸಿಂಬಲ್‌ಗಳನ್ನು ಕ್ಲ್ಯಾಂಗ್‌ನ ಅಸೆಂಬ್ಲರ್ ಕಿತ್ತುಹಾಕುತ್ತದೆ. 2021ರಲ್ಲಿ ಗ್ನೂ ಅಸೆಂಬ್ಲರ್ ಇರುವ ಬಿನ್‌ಯುಟಿಲ್ಸ್ ಕೂಡ ಅದೇ ದಾರಿ ಹಿಡಿಯಿತು. ಆಧಾರ ಸಿಂಬಲ್ಲೇ ಇಲ್ಲದೆ ಟೂಲ್ ಕೈಚೆಲ್ಲಿತು. ಸೆಕ್ಷನ್ ಸಿಂಬಲ್ ಸಿಗದಿದ್ದರೆ ಆ ವಿಳಾಸವನ್ನು ಒಳಗೊಂಡ ಫಂಕ್ಷನ್‌ನ ಸಿಂಬಲ್ ಹಿಡಿಯುವಂತೆ ತಿದ್ದಿದರು. ಇಂಥವನ್ನು ಹಿಡಿಯಲು ರೀಡ್‌ಎಲ್ಫ್‌ನ ಎಸ್ ಆಯ್ಕೆಯಿಂದ ಎರಡು ಕಂಪೈಲರ್‌ಗಳ ಸಿಂಬಲ್ ಪಟ್ಟಿ ತೆಗೆದು ಡಿಫ್ ಮಾಡಿ. ಕಾಣೆಯಾದದ್ದು ತಾನಾಗಿ ಎದ್ದು ಕಾಣುತ್ತದೆ.

ಮೂರನೆಯದು ಡಿಕೋಡರ್. ಹೊಸ ಇನ್‌ಸ್ಟ್ರಕ್ಷನ್ ಅದಕ್ಕೆ ಗೊತ್ತಿಲ್ಲದಿದ್ದರೆ ಉದ್ದ ತಪ್ಪಾಗಿ ಎಣಿಸಿ, ಅಲ್ಲಿಂದ ಮುಂದಿನದೆಲ್ಲ ಅಡ್ಡದಾರಿ. ಎಕ್ಸ್86ರ ಒಪ್‌ಕೋಡ್ ನಕ್ಷೆ ಎರಡು ಕಡೆ ಇದೆ, ಕರ್ನಲ್‌ನ ಆರ್ಚ್ ಫೋಲ್ಡರ್‌ನಲ್ಲಿ ಮೂಲ, ಟೂಲ್ಸ್ ಫೋಲ್ಡರ್‌ನಲ್ಲಿ ನಕಲು. ಎರಡನ್ನೂ ತಿದ್ದಬೇಕು, ಇಲ್ಲದಿದ್ದರೆ ಸಿಂಕ್ ಪರೀಕ್ಷೆಯ ಸ್ಕ್ರಿಪ್ಟ್ ಗದರುತ್ತದೆ.

ಟೂಲ್ ಡೀಬಗ್ ಮಾಡುವಾಗ ಒಂದು ಎಚ್ಚರ. ಆಬ್ಜ್‌ಟೂಲ್ .ಒ ಫೈಲನ್ನು ಇದ್ದಲ್ಲೇ ತಿದ್ದುತ್ತದೆ. ಅದೇ ಫೈಲ್ ಮೇಲೆ ಮತ್ತೆ ಓಡಿಸಿದರೆ ಆರ್ಕ್ ಸೆಕ್ಷನ್ ಆಗಲೇ ಇದೆ ಎಂದು ಬಿಟ್ಟುಬಿಡುತ್ತದೆ, ನಿಮ್ಮ ತಿದ್ದುಪಡಿ ಫಲಿಸಿತೋ ಇಲ್ಲವೋ ತಿಳಿಯದು. .ಒ ಫೈಲ್‌ನ ಪಕ್ಕ ಚುಕ್ಕಿಯಿಂದ ಶುರುವಾಗುವ, .ಸಿಎಂಡಿ ಎಂದು ಕೊನೆಯಾಗುವ ಫೈಲೊಂದು ಇರುತ್ತದೆ. ಕಂಪೈಲ್ ಮಾಡಿದ ಪೂರ್ತಿ ಆಜ್ಞೆ, ಅದರ ಹಿಂದೆಯೇ ಆಬ್ಜ್‌ಟೂಲ್‌ನ ಆಜ್ಞೆ ಎರಡೂ ಅದರಲ್ಲಿವೆ. ಮೊದಲ ಭಾಗವನ್ನು ಮಾತ್ರ ಕೈಯಿಂದ ಓಡಿಸಿದರೆ ಟೂಲ್ ಮುಟ್ಟದ .ಒ ಸಿಗುತ್ತದೆ. ಅದನ್ನು ಜೋಪಾನ ಮಾಡಿ, ಪ್ರತಿ ಸಲ ಅದರ ನಕಲಿನ ಮೇಲೆ ಎರಡನೇ ಭಾಗವನ್ನು ಜಿಡಿಬಿ ಒಳಗೆ ಓಡಿಸಿ. ಬ್ರೇಕ್‌ಪಾಯಿಂಟ್ ಇಡಲು ಯೋಗ್ಯ ಜಾಗ ಚೆಕ್.ಸಿ ಫೈಲ್‌ನ ವ್ಯಾಲಿಡೇಟ್_ಬ್ರ್ಯಾಂಚ್. ಬ್ಯಾಕ್‌ಟ್ರೇಸ್ ಆಯ್ಕೆ ಕೊಟ್ಟರೆ ಯಾವ ಯಾವ ಜಂಪ್ ಹಿಡಿದು ಅಲ್ಲಿಗೆ ಬಂತೆಂದೂ ಹೇಳುತ್ತದೆ.

ಎಚ್ಚರಿಕೆಯ ಬಾಯಿ ಮುಚ್ಚಿಸುವ ಉಪಾಯಗಳೂ ಇವೆ: ಮೇಕ್‌ಫೈಲ್‌ನಲ್ಲಿ ಇಡೀ ಫೈಲನ್ನು ನಾನ್‌ಸ್ಟ್ಯಾಂಡರ್ಡ್ ಎನ್ನುವುದು, ಅಥವಾ ಒಂದು ಫಂಕ್ಷನ್ನಿಗೆ ಸ್ಟ್ಯಾಕ್_ಫ್ರೇಮ್_ನಾನ್_ಸ್ಟ್ಯಾಂಡರ್ಡ್ ಹಚ್ಚುವುದು. ಡ್ರೈವರ್ ಕೋಡ್‌ಗೆ ಇವೆರಡೂ ಬೇಡ. ಫೈಲ್ ಪೂರ್ತಿ ಬಿಟ್ಟರೆ ಆರ್ಕ್ ಮಾತ್ರವಲ್ಲ, ರೆಟ್‌ಪೊಲಿನ್‌ನಂಥ (ಸ್ಪೆಕ್ಟರ್ ದಾಳಿಯ ವಿರುದ್ಧದ) ರಕ್ಷಣೆಗಳಿಗಾಗಿ ಟೂಲ್ ಪಟ್ಟಿಮಾಡುವ ಜಾಗಗಳೂ ಕೈತಪ್ಪುತ್ತವೆ.

ತಿದ್ದಿದ ಮೇಲೆ ಎಚ್ಚರಿಕೆ ಬಂದಿದ್ದ ಅದೇ ಕಾನ್ಫಿಗ್‌ನಲ್ಲಿ ಜಿಸಿಸಿ, ಕ್ಲ್ಯಾಂಗ್ ಎರಡರಲ್ಲೂ ಬಿಲ್ಡ್ ಮಾಡಿ. ಟೂಲನ್ನೇ ತಿದ್ದಿದ್ದರೆ ಸಾಧ್ಯವಾದದ್ದನ್ನೆಲ್ಲ ಮಾಡ್ಯೂಲ್ ಆಗಿ ಬಿಲ್ಡ್ ಮಾಡುವ ಆಲ್‌ಮಾಡ್‌ಕಾನ್ಫಿಗ್ ಕೂಡ ಓಡಿಸಿ; ಒಂದು ಊಹೆಯನ್ನು ಬಿಗಿ ಮಾಡಿದರೆ ಇನ್ನೆಲ್ಲೋ ಹತ್ತು ಎಚ್ಚರಿಕೆ ಏಳುವುದು ಸಾಮಾನ್ಯ. ಆಮೇಲೆ ಡಂಪ್ ಆಯ್ಕೆಯಿಂದ ಆ ಫಂಕ್ಷನ್‌ನ ಆರ್ಕ್ ಸಾಲುಗಳನ್ನು ತೆಗೆದು ಡಿಸ್‌ಅಸೆಂಬ್ಲಿಯ ಪಕ್ಕ ಇಟ್ಟು ನೋಡಿ: ಪ್ರತಿ ಪುಶ್ ಆದ ಮೇಲೆ ಸ್ಟ್ಯಾಕ್ ಅಂತರ 8 ಹೆಚ್ಚಬೇಕು, ಪಾಪ್ ಆದ ಮೇಲೆ 8 ಇಳಿಯಬೇಕು. ಪ್ಯಾಚ್‌ನ ವಿವರಣೆಯಲ್ಲಿ ಎಚ್ಚರಿಕೆಯ ಸಾಲನ್ನು ಬಂದ ಹಾಗೇ ಹಾಕಿ, ಕಂಪೈಲರ್ ಆವೃತ್ತಿ, ಅಗತ್ಯ ಕಾನ್ಫಿಗ್ ಹೆಸರು, ದೋಷ ತಂದ ಕಮಿಟ್‌ಗೆ ಫಿಕ್ಸಸ್ ಟ್ಯಾಗ್ ಸೇರಿಸಿ. ಡ್ರೈವರ್ ತಿದ್ದುಪಡಿ ಆ ಡ್ರೈವರ್‌ನ ಮೇಂಟೇನರ್‌ಗೆ, ಟೂಲ್‌ನದು ಆಬ್ಜ್‌ಟೂಲ್‌ನವರಿಗೆ ಹೋಗಬೇಕು. ವಿಳಾಸಗಳನ್ನು ಗೆಟ್_ಮೇಂಟೇನರ್ ಸ್ಕ್ರಿಪ್ಟ್ ಕೊಡುತ್ತದೆ.