ಹಳೇ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್ ಹಾಕಲಿ?

ಪ್ರಶ್ನೆ: ದಾವಣಗೆರೆಯಲ್ಲಿ ಬಿ.ಕಾಂ ಓದುತ್ತಿದ್ದೇನೆ. ಅಣ್ಣನ ಹಳೇ ಲ್ಯಾಪ್‌ಟಾಪ್ ಇದೆ, 4 ಜಿಬಿ ರ‍್ಯಾಮ್. ಈಗ ವಿಂಡೋಸ್ 10 ಇದೆ, ಇದಕ್ಕೆ ವಿಂಡೋಸ್ 11 ಬರಲ್ಲ ಅಂತ ಅಂಗಡಿಯವರು ಹೇಳಿದರು. ವಿಂಡೋಸ್ ಬದಲು ಫ್ರೀ ಲಿನಕ್ಸ್ ಹಾಕೋಣ ಅಂದರೆ ನೂರೆಂಟು ಹೆಸರು. ಯಾವುದು ಹಾಕಲಿ ಸರ್?

ಲಿನಕ್ಸ್ ಮಿಂಟ್ ಹಾಕಿ, ಅದರಲ್ಲಿ ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಆವೃತ್ತಿ. ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು ಬಟನ್, ಎಲ್ಲ ವಿಂಡೋಸ್ ಥರಾನೇ ಇರುವುದರಿಂದ ಮೊದಲ ದಿನವೇ ಕೈಗೆ ಹತ್ತುತ್ತದೆ. 2 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ, 4 ಇದ್ದರೆ ಆರಾಮ. ಮಿಂಟ್ 22 ಸರಣಿಯ ಆವೃತ್ತಿಗಳಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಉಬುಂಟು ಅನ್ನೋ ಇನ್ನೊಂದು ಲಿನಕ್ಸ್ ಕೂಡ ಒಳ್ಳೆಯದೇ, ಆದರೆ ನಿಮ್ಮ ರ‍್ಯಾಮ್‌ಗೆ ಸ್ವಲ್ಪ ಭಾರ.

ಆದರೆ ಹೆಸರಿಗಿಂತ ಮುಖ್ಯ, ಅದರಲ್ಲಿ ನಿಮ್ಮ ಕೆಲಸ ನಡೆಯುತ್ತದಾ ಅನ್ನೋದು. ಬಿ.ಕಾಂ ಅಂದ್ರೆ ಲೆಕ್ಕಪತ್ರದ ಟ್ಯಾಲಿ ಸಾಫ್ಟ್‌ವೇರ್ ಬೇಕೇ ಬೇಕು ಅಲ್ವಾ? ಅದು ವಿಂಡೋಸ್‌ಗೆ ಅಂತ ಮಾಡಿದ್ದು. ಹಾಗಾಗಿ ಈಗಿರುವ ವಿಂಡೋಸ್ 10 ಅಳಿಸಬೇಡಿ, ಇನ್‌ಸ್ಟಾಲ್ ಮಾಡುವಾಗ ಅದರ ಪಕ್ಕದಲ್ಲೇ ಮಿಂಟ್ ಹಾಕುವ ಆಯ್ಕೆ ಬರುತ್ತದೆ, ಅದನ್ನೇ ಆರಿಸಿ. ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹಾಗಾಗಿ ಸುರಕ್ಷತೆಯ ದೃಷ್ಟಿಯಿಂದ ಅದರಲ್ಲಿ ಟ್ಯಾಲಿ ಮಾತ್ರ ಕಲಿಯಿರಿ, ಬ್ಯಾಂಕು, ಇಮೇಲ್ ಎಲ್ಲ ಮಿಂಟ್‌ನಲ್ಲಿ ಇಟ್ಟುಕೊಳ್ಳಿ.

ಇನ್ನು ಕನ್ನಡ. ಇದನ್ನು ಎಷ್ಟೋ ಜನ ಕೇಳುವುದೇ ಇಲ್ಲ, ಆಮೇಲೆ ಪೇಚಾಡುತ್ತಾರೆ. ಟೈಪಿಂಗ್ ಸುಲಭ: ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ 'ಕನ್ನಡ, ಕಗಪ' ಅಂತ ಲೇಔಟ್ ಇದೆ, ಕನ್ನಡ ಟೈಪಿಂಗ್‌ನ 'ನುಡಿ' ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಹತ್ತಿರದ್ದು. ತೊಂದರೆ ಬರುವುದು ಹಳೇ ಫೈಲ್‌ಗಳಲ್ಲಿ. ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಫಾಂಟ್‌ನಲ್ಲಿ ಮಾಡಿಸಿದ ಅರ್ಜಿಯನ್ನು ಮಿಂಟ್‌ನಲ್ಲಿ ವರ್ಡ್ ಬದಲಿಗೆ ಇರುವ ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ಆ ಫಾಂಟ್ ಹಾಕಿದರೆ ಸಾಮಾನ್ಯವಾಗಿ ಓದಬಹುದು. ಹೊಸದಾಗಿ ಬರೆಯುವುದನ್ನೆಲ್ಲ ಮಾತ್ರ ಎಲ್ಲ ಕಡೆ ನಡೆಯುವ ಅಕ್ಷರ ಪದ್ಧತಿಯಾದ ಯೂನಿಕೋಡ್‌ನಲ್ಲೇ ಬರೆಯಿರಿ, ಅದು ಮೊಬೈಲ್‌ನಲ್ಲೂ ತೆರೆಯುತ್ತದೆ.

ಹಾಕುವ ಮುಂಚೆ ಸುಮ್ನೆ ಒಮ್ಮೆ ಓಡಿಸಿ ನೋಡಿ. 8 ಜಿಬಿ ಪೆನ್‌ಡ್ರೈವ್ ಸಾಕು. ಮಿಂಟ್ ಫೈಲ್ ಇಳಿಸಿಕೊಂಡು, ಪೆನ್‌ಡ್ರೈವ್ ಸಿದ್ಧಮಾಡುವ ಸಾಫ್ಟ್‌ವೇರ್ ಆದ ರೂಫಸ್‌ನಿಂದ ಅದಕ್ಕೆ ಬರೆಯಿರಿ, ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಎಫ್12 ಒತ್ತಿ (ಕೆಲವು ಕಂಪನಿಯದ್ದರಲ್ಲಿ ಎಫ್9), ಪೆನ್‌ಡ್ರೈವ್ ಆರಿಸಿ. ನಿಮ್ಮ ಡಿಸ್ಕ್ ಮುಟ್ಟದೆಯೇ ಇಡೀ ಮಿಂಟ್ ತೆರೆದುಕೊಳ್ಳುತ್ತದೆ, ಸ್ವಲ್ಪ ನಿಧಾನ ಅಷ್ಟೇ. ವೈಫೈ ಸಿಗುತ್ತದಾ, ಸೌಂಡ್ ಬರುತ್ತದಾ, ಪ್ರಿಂಟರ್ ಗುರುತಿಸುತ್ತದಾ, ಮೂರನ್ನೂ ನೋಡಿ.

ಎಲ್ಲ ಸರಿಯಿದ್ದರೆ ಮುಖ್ಯವಾದ ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟು ಆಮೇಲೆ ಇನ್‌ಸ್ಟಾಲ್ ಒತ್ತಿ. ವೈಫೈ ಒಂದೇ ಸಿಗದಿದ್ದರೆ ಗಾಬರಿ ಬೇಡ, ಮಿಂಟ್ ಹಾಕಿಕೊಂಡ ಮೇಲೆ ಮೊಬೈಲನ್ನು ಕೇಬಲ್‌ನಿಂದ ಸೇರಿಸಿ ಅದರ ನೆಟ್ ಕೊಡಿ, ಡ್ರೈವರ್ ಮ್ಯಾನೇಜರ್ ತೆರೆಯಿರಿ. ವೈಫೈ ನಡೆಸಲು ಬೇಕಾದ ಸಾಫ್ಟ್‌ವೇರ್, ಅಂದರೆ ಡ್ರೈವರ್, ಬಹಳ ಸಲ ಅಲ್ಲೇ ಸಿಕ್ಕಿಬಿಡುತ್ತದೆ.