ಒಂದೇ ಪ್ರಮಾಣದ ಭೂಕಂಪ ನ್ಯೂಜೆರ್ಸಿಯಲ್ಲಿ ಒಂದು ಬಗೆ, ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಬಗೆ: ಯಾಕೆ ಹೀಗೆ?

ಓದುಗರ ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ, ಅಣ್ಣನ ಸಂಸಾರ ನ್ಯೂಜೆರ್ಸಿಯಲ್ಲಿದೆ. 2024ರ ಏಪ್ರಿಲ್‌ನಲ್ಲಿ ಅಲ್ಲಿ 4.8ರ ಭೂಕಂಪವಾದಾಗ ಅತ್ತಿಗೆ ಗಾಬರಿಯಿಂದ ಫೋನ್ ಮಾಡಿದ್ದರು. ಬಾಸ್ಟನ್ನಿನಲ್ಲಿರುವ ಅವರ ತಂಗಿಗೂ ಅದು ಗೊತ್ತಾಗಿತ್ತಂತೆ. ನಮ್ಮ ಕಡೆ ಅಷ್ಟೇ ದೊಡ್ಡ ಕಂಪನವಾದರೆ ಲಾಸ್ ಏಂಜಲೀಸ್‌ನಲ್ಲಿರುವವರಿಗೆ ಸುಳಿವೂ ಸಿಗುವುದಿಲ್ಲ, ನಮ್ಮಲ್ಲೂ ಮರುದಿನ ಯಾರೂ ಅದರ ಮಾತೆತ್ತುವುದಿಲ್ಲ. ಅಂಕಿ ಒಂದೇ ಆಗಿರುವಾಗ ಅನುಭವದಲ್ಲಿ ಇಷ್ಟು ಅಂತರ ಯಾಕೆ?

ಉತ್ತರ: ಅಮೆರಿಕದಲ್ಲಿ ಪಶ್ಚಿಮ ಕರಾವಳಿಯಿಂದ ಪೂರ್ವಕ್ಕೆ, ಅಥವಾ ಪೂರ್ವದಿಂದ ಪಶ್ಚಿಮಕ್ಕೆ ಮನೆ ಬದಲಾಯಿಸಿದ ಬಹುಪಾಲು ಜನರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಸುದ್ದಿಯಲ್ಲಿ ಬರುವ 4.8 ಎಂಬ ಅಂಕಿ ಭೂಮಿಯೊಳಗೆ ಬಿಡುಗಡೆಯಾದ ಶಕ್ತಿಯ ಅಳತೆ; ಒಂದು ಭೂಕಂಪಕ್ಕೆ ಅಂಥ ಅಂಕಿ ಒಂದೇ ಇರುತ್ತದೆ, ಅದನ್ನು ಎಲ್ಲಿ ನಿಂತು ನೋಡಿದರೂ ಬದಲಾಗುವುದಿಲ್ಲ. ಆ ಅಂಕಿ ಒಂದರಷ್ಟು ಏರಿದರೆ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಆದರೆ ನಿಮ್ಮ ಅತ್ತಿಗೆಯ ಅಡುಗೆಮನೆಯಲ್ಲಿ ಪಾತ್ರೆಗಳು ಎಷ್ಟು ಗಲಗಲಿಸಿದವು ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಬೇರೆಯೇ ಅಳತೆಯಿದೆ. ಮರ್ಕಾಲಿ ಮಾಪಕ ಎಂದು ಕರೆಯಲಾಗುವ, ಒಂದರಿಂದ ಹನ್ನೆರಡರವರೆಗಿನ ಈ ಶ್ರೇಣಿಯಲ್ಲಿ ಒಂದೇ ಭೂಕಂಪಕ್ಕೆ ಊರಿಂದ ಊರಿಗೆ, ಕೆಲವೊಮ್ಮೆ ಬೀದಿಯಿಂದ ಬೀದಿಗೆ ಬೇರೆ ಬೇರೆ ಅಂಕಿಗಳು ಸಿಗುತ್ತವೆ. ಮಲಗಿದ್ದ ಕೆಲವರಿಗಷ್ಟೇ ತಿಳಿಯುವ ಕಂಪನ ಎರಡು, ಹತ್ತಿರದಲ್ಲಿ ಲಾರಿ ಹಾದುಹೋದಂತೆ ತೋರುವುದು ಮೂರು, ಎಲ್ಲರಿಗೂ ತಿಳಿದು ಭಾರವಾದ ಪೀಠೋಪಕರಣಗಳು ಜರುಗುವುದು ಆರು.

ಈ ಎರಡನೆಯ ಅಳತೆಯನ್ನು ಇಂದು ಬಹುಮಟ್ಟಿಗೆ ಜನರೇ ಒದಗಿಸುತ್ತಾರೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಯುಎಸ್‌ಜಿಎಸ್, ‘ಡಿಡ್ ಯು ಫೀಲ್ ಇಟ್’ ಎಂಬ ಪ್ರಶ್ನಾವಳಿಯನ್ನು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ನಡೆಸುತ್ತಿದೆ. ನೀವು ಎಲ್ಲಿದ್ದಿರಿ, ನಿಂತಿದ್ದಿರೋ ಮಲಗಿದ್ದಿರೋ, ಗೋಡೆಯ ಮೇಲಿನ ಚಿತ್ರಪಟ ವಾಲಿತೋ ಇಲ್ಲವೋ ಎಂದು ಅದು ಕೇಳುತ್ತದೆ, ಬಂದ ಉತ್ತರಗಳಿಂದ ತೀವ್ರತೆಯ ನಕ್ಷೆ ಸಿದ್ಧವಾಗುತ್ತದೆ. 2024ರ ಏಪ್ರಿಲ್ 5ರ ಬೆಳಿಗ್ಗೆ 10 ಗಂಟೆ 23 ನಿಮಿಷಕ್ಕೆ ನ್ಯೂಜೆರ್ಸಿಯ ಟ್ಯೂಕ್ಸ್‌ಬರಿಯ ಬಳಿ ಸಂಭವಿಸಿದ ಭೂಕಂಪಕ್ಕೆ ಬಂದ ವರದಿಗಳು 1 ಲಕ್ಷ 80 ಸಾವಿರಕ್ಕೂ ಹೆಚ್ಚು. ಅದಕ್ಕೆ ಮೊದಲು ಯಾವೊಂದು ಭೂಕಂಪಕ್ಕೂ ಅಷ್ಟು ವರದಿಗಳು ಬಂದಿರಲಿಲ್ಲ. ಅಲ್ಲಿ ಜನಸಾಂದ್ರತೆ ಹೆಚ್ಚು, ಅಲ್ಲಿಯವರಿಗೆ ಕಂಪನ ಅಪರೂಪವಾದದ್ದರಿಂದ ಬರೆದು ತಿಳಿಸುವ ಕಾತರವೂ ಹೆಚ್ಚು ಎಂಬುದು ನಿಜವೇ. ಆದರೂ ವರದಿಗಳು ವರ್ಜೀನಿಯಾದಿಂದ ಮೇನ್ ರಾಜ್ಯದವರೆಗೆ ಹರಡಿದ್ದಕ್ಕೆ ಅಷ್ಟೇ ಕಾರಣ ಸಾಲದು. ಕಾರಣ ನೆಲದೊಳಗಿದೆ.

ಅಮೆರಿಕದ ಪೂರ್ವಭಾಗದ ಭೂತೊಗಟೆ ಬಹಳ ಹಳೆಯದು, ತಣ್ಣಗಾಗಿ ಗಟ್ಟಿಯಾದದ್ದು. ಅಲ್ಲಿಯ ಹಳೆಯ ಬಿರುಕುಗಳಲ್ಲಿ ಬಹಳಷ್ಟು ಕೋಟ್ಯಂತರ ವರ್ಷಗಳಲ್ಲಿ ಬೆಸೆದುಕೊಂಡಿವೆ. ಕ್ಯಾಲಿಫೋರ್ನಿಯಾದಲ್ಲಾದರೋ ಭೂಮಿಯ ಹೊರಪದರದ ಬೃಹತ್ ತುಂಡುಗಳಾದ ಪೆಸಿಫಿಕ್ ಭೂಫಲಕವೂ ಉತ್ತರ ಅಮೆರಿಕದ ಭೂಫಲಕವೂ ಸ್ಯಾನ್ ಆಂಡ್ರಿಯಾಸ್ ಸ್ತರಭಂಗ (ಎರಡೂ ಬದಿಯ ಶಿಲೆಗಳು ಜಾರುವ ಬಿರುಕು) ಮತ್ತು ಅದರ ಅಕ್ಕಪಕ್ಕದ ಅನೇಕ ಸ್ತರಭಂಗಗಳ ಗುಂಟ ಇಂದಿಗೂ ಒಂದನ್ನೊಂದು ಉಜ್ಜಿಕೊಂಡು ಸರಿಯುತ್ತಿವೆ, ಆದ್ದರಿಂದ ಅಲ್ಲಿಯ ತೊಗಟೆ ಬಿಸಿಯಾಗಿದೆ, ಒಡೆದು ಚೂರುಚೂರಾಗಿದೆ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವುದುಂಟಲ್ಲ, ಬಿರುಕಿಲ್ಲದ್ದು ಠಣ್ಣೆಂದು ನುಡಿಯುತ್ತದೆ, ಬಿರುಕು ಬಿಟ್ಟದ್ದು ಬೊದ್ದು ಸದ್ದು ಮಾಡಿ ಸುಮ್ಮನಾಗುತ್ತದೆ. ಭೂಕಂಪದ ಅಲೆಗಳ ವಿಷಯದಲ್ಲೂ ನಡೆಯುವುದು ಅದೇ. ಪೂರ್ವದ ಬಂಡೆಯಲ್ಲಿ ಅಲೆಗಳು ಹೆಚ್ಚು ಶಕ್ತಿ ಕಳೆದುಕೊಳ್ಳದೆ ಬಹುದೂರ ಸಾಗುತ್ತವೆ, ಪಶ್ಚಿಮದಲ್ಲಿ ಬಿರುಕುಗಳ ನಡುವೆ ಚದುರಿ ಬೇಗ ನಂದಿಹೋಗುತ್ತವೆ.

ಇದಕ್ಕೆ ಒಳ್ಳೆಯ ಜೋಡಿ ಉದಾಹರಣೆಯಿದೆ. 2004ರ ಸೆಪ್ಟೆಂಬರ್ 28ರಂದು ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲಿ 6.0 ಪ್ರಮಾಣದ ಭೂಕಂಪವಾಯಿತು. ಅದರ ಅನುಭವ ಬಹುಮಟ್ಟಿಗೆ ಆ ರಾಜ್ಯದೊಳಗೇ ಉಳಿಯಿತು. 2011ರ ಆಗಸ್ಟ್ 23ರಂದು ವರ್ಜೀನಿಯಾದ ಮಿನರಲ್ ಎಂಬ ಊರಿನ ಬಳಿ ಅದಕ್ಕಿಂತ ತುಸು ಚಿಕ್ಕದಾದ 5.8ರ ಭೂಕಂಪವಾದಾಗ ದಕ್ಷಿಣದಲ್ಲಿ ಜಾರ್ಜಿಯಾದಿಂದ ಉತ್ತರದಲ್ಲಿ ಕೆನಡಾದವರೆಗೆ ಜನರು ನಡುಕವನ್ನು ಗುರುತಿಸಿದರು. ರಾಜಧಾನಿ ವಾಷಿಂಗ್ಟನ್ ನಗರದಲ್ಲಿರುವ ವಾಷಿಂಗ್ಟನ್ ಸ್ಮಾರಕದ ಕಲ್ಲುಗಳು ಬಿರುಕು ಬಿಟ್ಟು, 2014ರ ಮೇ ತಿಂಗಳವರೆಗೆ ಸಂದರ್ಶಕರನ್ನು ಒಳಗೆ ಬಿಡಲಾಗಲಿಲ್ಲ. ಅದೇ ನಗರದ ನ್ಯಾಷನಲ್ ಕೆಥೆಡ್ರಲ್‌ನ ಶಿಖರದ ಕಲ್ಲುಗಳು ಕಳಚಿಬಿದ್ದವು. ಕೇಂದ್ರಬಿಂದುವಿನಿಂದ 245 ಕಿಲೋಮೀಟರ್ ದೂರದಲ್ಲಿ ಕೂಡ ಆ ಕಂಪನದಿಂದ ಬಂಡೆಗಳು ಜಾರಿದ್ದವೆಂದು ವಿಜ್ಞಾನಿಗಳು ಗುರುತಿಸಿದ್ದಾರೆ.

ನಮ್ಮ ದಖ್ಖನಿನ ನೆಲವೂ ಇಂಥದೇ ಹಳೆಯ, ಗಟ್ಟಿಯಾದ ನೆಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಬಳಿ ಭೂಮಿ ನಡುಗಿದಾಗ ಬೀದರ್, ಕಲಬುರಗಿಯ ಕಡೆಯವರು ನಿದ್ದೆಯಿಂದ ಎದ್ದು ಕುಳಿತದ್ದನ್ನು ಬಲ್ಲ ಹಿರಿಯರಿಗೆ ನ್ಯೂಜೆರ್ಸಿಯ ಕತೆ ಪರಿಚಿತವಾಗಿಯೇ ಕೇಳಿಸಬಹುದು.

ಪೂರ್ವದವರ ವರದಿಗಳಲ್ಲಿ ಸದ್ದಿನ ಪ್ರಸ್ತಾಪ ಮತ್ತೆ ಮತ್ತೆ ಬರುವುದನ್ನು ನಾನು ಗಮನಿಸಿದ್ದೇನೆ: ಯಾವುದೋ ಸ್ಫೋಟವಾಯಿತು ಎಂದುಕೊಂಡೆವು, ಮನೆಗೆ ವಾಹನ ಗುದ್ದಿತು ಎಂದುಕೊಂಡೆವು ಎನ್ನುವವರು ಅನೇಕರು. ಇದು ಭ್ರಮೆಯಲ್ಲ. ಕೆಲವೇ ಕಿಲೋಮೀಟರ್ ಆಳದಲ್ಲಿ ಬಂಡೆ ಸರಿದಾಗ ಹುಟ್ಟುವ ಬಿರುಸಾದ ಅಲೆಗಳನ್ನು ಗಟ್ಟಿ ಶಿಲೆ ಹಾಗೆಯೇ ಮೇಲಕ್ಕೆ ದಾಟಿಸುತ್ತದೆ, ಅವು ನೆಲದಿಂದ ಗಾಳಿಗೆ ಸೇರಿದಾಗ ಕಿವಿಗೆ ಗುಡುಗಿನಂತೆ ಕೇಳಿಸುತ್ತವೆ. 2024ರ ಕಂಪನದಲ್ಲಿ ಇನ್ನೊಂದು ವಿಚಿತ್ರವೂ ಇತ್ತು. ಕೇಂದ್ರಬಿಂದುವಿನ ಸಮೀಪ ಹದಿನೆಂಟನೆಯ ಶತಮಾನದ ಕಲ್ಲಿನ ಗಿರಣಿಯೊಂದರ ಮುಂಭಾಗ ಕುಸಿದದ್ದನ್ನು ಬಿಟ್ಟರೆ ಹಾನಿ ತೀರ ಕಡಿಮೆ. ಆದರೆ ಈಶಾನ್ಯ ದಿಕ್ಕಿನಲ್ಲಿ, ದೂರದ ನ್ಯೂಯಾರ್ಕ್ ಕಡೆಯಲ್ಲಿ, ನಿರೀಕ್ಷೆಗಿಂತ ಹೆಚ್ಚಿನ ನಡುಕ ಕಂಡುಬಂತು. ಬಂಡೆ ಸೀಳಿಕೊಂಡು ಹೋದ ದಿಕ್ಕಿಗೇ ಶಕ್ತಿ ಹೆಚ್ಚಾಗಿ ಹರಿದದ್ದು ಇದಕ್ಕೆ ಕಾರಣವೆಂದು ಅದನ್ನು ಅಧ್ಯಯನ ಮಾಡಿದವರು ವಿವರಿಸಿದ್ದಾರೆ.

ಇಷ್ಟು ಹೇಳಿದ ಮೇಲೆ, ನಿಮ್ಮ ಮನೆಯಿರುವ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಬಗ್ಗೆ ವಿವರವಾಗಿ ಹೇಳದಿದ್ದರೆ ಉತ್ತರ ಅರ್ಧವಾದೀತು. ಅಲೆಗಳು ಬೇಗ ನಂದುತ್ತವೆ ಎಂದಮಾತ್ರಕ್ಕೆ ಪಶ್ಚಿಮದ ಭೂಕಂಪ ಸೌಮ್ಯವೆಂದಲ್ಲ, ಏಕೆಂದರೆ ಕಾಲ ಕೆಳಗಿನ ಮಣ್ಣು ಇಡೀ ಲೆಕ್ಕವನ್ನು ಬದಲಿಸಬಲ್ಲದು. 1989ರ ಅಕ್ಟೋಬರ್ 17ರ ಸಂಜೆ 5 ಗಂಟೆ 4 ನಿಮಿಷಕ್ಕೆ ಸಾಂತಾಕ್ರೂಜ್ ಬೆಟ್ಟಗಳಲ್ಲಿ ಸಂಭವಿಸಿದ 6.9ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಒಟ್ಟು 63 ಜನರು ಸತ್ತರು. ಅವರಲ್ಲಿ 42 ಮಂದಿ ಪ್ರಾಣ ಕಳೆದುಕೊಂಡದ್ದು ಕೇಂದ್ರಬಿಂದುವಿನಿಂದ ಬಹುದೂರದ ಓಕ್‌ಲ್ಯಾಂಡ್‌ನಲ್ಲಿ, ಸೈಪ್ರೆಸ್ ಸ್ಟ್ರೀಟ್ ಎಂಬ ಎರಡಂತಸ್ತಿನ ಮೇಲ್ಸೇತುವೆಯ ಮೇಲಿನ ಅಂತಸ್ತು ಕೆಳಗಿನದರ ಮೇಲೆ ಕುಸಿದಾಗ. ಕುಸಿದದ್ದು ಕೊಲ್ಲಿಯ ಮೆತ್ತನೆಯ ಕೆಸರಿನ ಮೇಲೆ ನಿಂತ ಭಾಗ. ಗಟ್ಟಿ ನೆಲದ ಮೇಲಿದ್ದ ಭಾಗ ಅದೇ ವಿನ್ಯಾಸದ್ದಾಗಿದ್ದೂ ನಿಂತುಕೊಂಡಿತು. ಸ್ಯಾನ್ ಫ್ರಾನ್ಸಿಸ್ಕೋದ ಮರೀನಾ ಬಡಾವಣೆಯಲ್ಲಿ ನೀರಿಗೆ ಮಣ್ಣು ತುಂಬಿ ಮಾಡಿದ ನೆಲ, ಅಲುಗಾಟಕ್ಕೆ ಕೆಸರಿನಂತೆ ಸಡಿಲಗೊಂಡು, ಮೇಲಿನ ಮನೆಗಳನ್ನು ವಾಲಿಸಿತು. ಮೆತ್ತನೆಯ ಮಣ್ಣು ಅಲೆಯನ್ನು ನಿಧಾನಗೊಳಿಸುತ್ತದೆ, ನಿಧಾನವಾದ ಅಲೆ ಎತ್ತರ ಹೆಚ್ಚಿಸಿಕೊಳ್ಳುತ್ತದೆ. ಹಾಗಾಗಿ ಬೆಟ್ಟದ ಮನೆಯವರಿಗೆ ತೊಟ್ಟಿಲು ತೂಗಿದಷ್ಟೇ ಅನ್ನಿಸಿದ ಕಂಪನ ಕೊಲ್ಲಿಯಂಚಿನವರನ್ನು ನೆಲಕ್ಕೆ ಕೆಡವಬಲ್ಲದು. ಫ್ರೀಮಾಂಟ್ ಊರಿನೊಳಗೇ ಹೇವರ್ಡ್ ಸ್ತರಭಂಗ ಹಾದುಹೋಗುತ್ತದೆ ಎಂಬುದನ್ನೂ ನೀವು ಮರೆಯುವಂತಿಲ್ಲ. 1868ರಲ್ಲಿ ಅದು ದೊಡ್ಡದಾಗಿ ಅಲುಗಾಡಿತ್ತು.

ಉಳಿದ ರಾಜ್ಯಗಳ ಅನುಭವಗಳೂ ಒಂದೊಂದು ಬಗೆ. 1964ರ ಮಾರ್ಚ್ 27ರ 9.2ರ ಭೂಕಂಪವನ್ನು ಕಂಡ ಅಲಾಸ್ಕಾದ ಜನರು ನೆನೆಯುವುದು ಅದು ಎಷ್ಟು ಹೊತ್ತು ಮುಗಿಯಲೇ ಇಲ್ಲ ಎಂಬುದನ್ನು. ನೆಲ ನಾಲ್ಕೂವರೆ ನಿಮಿಷ ಅಲುಗಾಡಿತು, ಸತ್ತವರಲ್ಲಿ ಹೆಚ್ಚಿನವರು ಬಲಿಯಾದದ್ದು ಅದರ ಹಿಂದೆಯೇ ಬಂದ ಸುನಾಮಿಗೆ. ವಾಷಿಂಗ್ಟನ್ ರಾಜ್ಯದಲ್ಲಿ 2001ರ ಫೆಬ್ರವರಿ 28ರಂದು ಸಂಭವಿಸಿದ 6.8ರ ಭೂಕಂಪ ಐವತ್ತು ಕಿಲೋಮೀಟರ್‌ನಷ್ಟು ಆಳದಲ್ಲಿ ಹುಟ್ಟಿದ್ದರಿಂದ ಸಿಯಾಟಲ್‌ನ ಹಳೆಯ ಇಟ್ಟಿಗೆ ಕಟ್ಟಡಗಳು ಜಖಂಗೊಂಡರೂ ಪ್ರಮಾಣಕ್ಕೆ ತಕ್ಕಷ್ಟು ಅನಾಹುತವಾಗಲಿಲ್ಲ. 2020ರ ಮಾರ್ಚ್ 18ರಂದು ಯೂಟಾದಲ್ಲಿ 5.7ರ ಕಂಪನವಾದಾಗ ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ದೇವಾಲಯದ ಶಿಖರದಲ್ಲಿರುವ ಪ್ರತಿಮೆಯ ಕೈಯಿಂದ ತುತ್ತೂರಿ ಕಳಚಿ ಬಿತ್ತು. ಫ್ಲಾರಿಡಾ ಮತ್ತು ನಾರ್ತ್ ಡಕೋಟಾಗಳಲ್ಲಿ ಕಂಪನವೇ ಅಪರೂಪ.

ಒಕ್ಲಹೋಮಾದ ಕತೆ ಬೇರೆ. 2009ಕ್ಕೆ ಮೊದಲು ಅಲ್ಲಿ ಮೂರಕ್ಕೆ ಮೇಲ್ಪಟ್ಟ ಭೂಕಂಪಗಳು ವರ್ಷಕ್ಕೆ ಒಂದೆರಡು ಮಾತ್ರ. 2015ರಲ್ಲಿ ಸುಮಾರು 900. ತೈಲ ಮತ್ತು ಅನಿಲದ ಜೊತೆ ಮೇಲೆ ಬರುವ ಉಪ್ಪುನೀರನ್ನು ಆಳದ ಶಿಲಾಪದರಗಳಿಗೆ ಮತ್ತೆ ಒತ್ತಿ ತುಂಬಿದ್ದರಿಂದ, ಬಿಗಿದುಕೊಂಡಿದ್ದ ಹಳೆಯ ಸ್ತರಭಂಗಗಳು ಜಾರತೊಡಗಿದವು. 2016ರ ಸೆಪ್ಟೆಂಬರ್ 3ರಂದು ಪಾನೀ ಎಂಬ ಊರಿನ ಬಳಿ 5.8ರ ಭೂಕಂಪವಾಯಿತು. ತುಂಬುವ ನೀರಿಗೆ ಸರ್ಕಾರ ಮಿತಿ ಹೇರಿದ ಮೇಲೆ ಸಂಖ್ಯೆ ಇಳಿಯಿತು. ಮನುಷ್ಯನ ಕೆಲಸದಿಂದ ಭೂಮಿ ನಡುಗುವುದು ನಮಗೂ ಹೊಸತಲ್ಲ, 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪವನ್ನು ಅಲ್ಲಿಯ ಜಲಾಶಯದೊಂದಿಗೆ ಜೋಡಿಸಿಯೇ ವಿಜ್ಞಾನಿಗಳು ಚರ್ಚಿಸುತ್ತಾರೆ. ಸ್ವಂತ ಊರಿನಲ್ಲಿ ತಲೆಮಾರುಗಳಿಂದ ಇಲ್ಲದ ನಡುಕ ಒಂದು ಉದ್ಯಮದಿಂದಾಗಿ ವಾರವಾರವೂ ಬರತೊಡಗಿದ ಆ ಜನರ ಸಂಕಟ ಉಳಿದೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತದೆ.

ಹಾಗಾದರೆ ನಿಮ್ಮಿಬ್ಬರಲ್ಲಿ ಯಾರು ಹೆಚ್ಚು ಎಚ್ಚರದಿಂದಿರಬೇಕು? ದೊಡ್ಡ ಭೂಕಂಪ ಬರುವ ಸಂಭವ ನಿಮ್ಮ ಕಡೆಯೇ ಬಹಳ ಹೆಚ್ಚು, ಅದರಲ್ಲಿ ಅನುಮಾನವಿಲ್ಲ. ಆದರೆ ಕ್ಯಾಲಿಫೋರ್ನಿಯಾ ದಶಕಗಳಿಂದ ಕಟ್ಟಡದ ನಿಯಮಗಳನ್ನು ಬಿಗಿಗೊಳಿಸಿದೆ, ಹಳೆಯ ಮನೆಗಳನ್ನು ತಳಪಾಯಕ್ಕೆ ಬೋಲ್ಟ್ ಹಾಕಿ ಬಿಗಿಸುವ, ನೀರು ಕಾಯಿಸುವ ಹೀಟರನ್ನು ಗೋಡೆಗೆ ಪಟ್ಟಿಯಿಂದ ಕಟ್ಟುವ ಅಭ್ಯಾಸ ಅಲ್ಲಿದೆ. ಕ್ಯಾಲಿಫೋರ್ನಿಯಾ, ಆರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ ‘ಶೇಕ್ಅಲರ್ಟ್’ ವ್ಯವಸ್ಥೆಯಿದ್ದು, ಬಲವಾದ ಅಲೆ ತಲುಪುವ ಕೆಲವು ಸೆಕೆಂಡುಗಳ ಮೊದಲು ಫೋನಿಗೆ ಎಚ್ಚರಿಕೆ ಬರಬಹುದು. ನ್ಯೂಯಾರ್ಕಿನಲ್ಲಿ 2024ರಲ್ಲಿ ಫೋನುಗಳಿಗೆ ಸಂದೇಶ ಬಂದದ್ದು ಕಂಪನ ಮುಗಿದು ಎಷ್ಟೋ ಹೊತ್ತಾದ ಮೇಲೆ. ಪೂರ್ವದ ಹಳೆಯ ನಗರಗಳಲ್ಲಿ ಒಳಗೆ ಉಕ್ಕಿನ ಆಧಾರವಿಲ್ಲದ ಇಟ್ಟಿಗೆಯ ಕಟ್ಟಡಗಳು ಸಾಲುಸಾಲಾಗಿವೆ. 1886ರ ಆಗಸ್ಟ್ 31ರ ರಾತ್ರಿ ಸೌತ್ ಕೆರೊಲಿನಾದ ಚಾರ್ಲ್‌ಸ್ಟನ್ ನಗರವನ್ನು ಹಾಳುಮಾಡಿದ ಭೂಕಂಪದ ಪ್ರಮಾಣ ಸುಮಾರು 7 ಎಂದು ಅಂದಾಜು. 1811 ಮತ್ತು 1812ರ ಚಳಿಗಾಲದಲ್ಲಿ ಮಿಸಿಸಿಪ್ಪಿ ನದಿಯ ದಡದ ನ್ಯೂ ಮ್ಯಾಡ್ರಿಡ್ ಪ್ರದೇಶದಲ್ಲಿ ಸರಣಿ ಭೂಕಂಪಗಳಾದಾಗ ನದಿ ಸ್ವಲ್ಪ ಹೊತ್ತು ಹಿಂದಕ್ಕೆ ಹರಿದಂತೆ ಕಂಡಿತ್ತು, ಟೆನೆಸ್ಸಿಯಲ್ಲಿ ರೀಲ್‌ಫುಟ್ ಎಂಬ ಸರೋವರವೇ ರೂಪುಗೊಂಡಿತು. ಅಂಥದ್ದು ಮತ್ತೆ ಬಂದರೆ, ಮೇಲೆ ಹೇಳಿದ ಗಟ್ಟಿ ಶಿಲೆಯ ಕಾರಣದಿಂದಲೇ ಹಾನಿ ಅನೇಕ ರಾಜ್ಯಗಳಿಗೆ ಹಂಚಿಹೋಗುತ್ತದೆ.

ಆದ್ದರಿಂದ ಅಣ್ಣ ಅತ್ತಿಗೆಯರಿಗೆ ಎರಡು ಮಾತು ಹೇಳಿ. ನೆಲ ಅಲುಗಿದೊಡನೆ ಹೊರಗೆ ಓಡುವುದು ಸಹಜವೆನಿಸಿದರೂ ಅಮೆರಿಕದ ಮನೆ, ಕಚೇರಿಗಳಲ್ಲಿ ಅದು ಅಪಾಯಕರ. ಮೇಲಿಂದ ಬೀಳುವ ಇಟ್ಟಿಗೆ, ಗಾಜು, ಚಿಮಣಿಯ ಕಲ್ಲುಗಳು ಬಾಗಿಲ ಹೊರಗೇ ಕಾದಿರುತ್ತವೆ. ಕೆಳಗೆ ಕುಳಿತು, ಗಟ್ಟಿಯಾದ ಮೇಜಿನಡಿ ತಲೆ ಕತ್ತುಗಳನ್ನು ಮರೆಮಾಡಿಕೊಂಡು, ಅಲುಗಾಟ ನಿಲ್ಲುವವರೆಗೆ ಮೇಜಿನ ಕಾಲು ಹಿಡಿದಿರಬೇಕು. ಬಾಗಿಲ ಚೌಕಟ್ಟಿನ ಕೆಳಗೆ ನಿಲ್ಲುವ ಹಳೆಯ ಸಲಹೆಯನ್ನು ತಜ್ಞರು ಈಗ ಕೊಡುವುದಿಲ್ಲ. ಎರಡನೆಯದು, ಮನೆಯ ಸಾಮಾನ್ಯ ವಿಮೆಯಲ್ಲಿ ಭೂಕಂಪದ ಹಾನಿ ಸಾಮಾನ್ಯವಾಗಿ ಸೇರಿರುವುದಿಲ್ಲ, ಅದನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ಇದು ನಿಮಗೂ ಅನ್ವಯಿಸುತ್ತದೆ.

ಇನ್ನೊಮ್ಮೆ ಕಂಪನವಾದಾಗ ನಿಮಗೆ ಏನೂ ಗೊತ್ತಾಗದಿದ್ದರೂ ಯುಎಸ್‌ಜಿಎಸ್‌ನ ಪ್ರಶ್ನಾವಳಿಯನ್ನು ತುಂಬಿ. ಸುತ್ತಲಿನವರಿಗೆ ತಿಳಿದ ಕಂಪನ ಒಂದು ಮನೆಯವರಿಗೆ ತಿಳಿಯಲಿಲ್ಲ ಎಂಬ ವರದಿಯೂ ಆ ಮನೆಯ ಕೆಳಗಿನ ನೆಲದ ಬಗ್ಗೆ ವಿಜ್ಞಾನಿಗಳಿಗೆ ಉಪಯುಕ್ತ ಮಾಹಿತಿಯೇ.