ಪಾರ್ಟಿಷನ್ ಟೇಬಲ್: ಡಿಸ್ಕೂ ಅಲ್ಲ, ಫಾರ್ಮ್ಯಾಟೂ ಅಲ್ಲ

'ಪಾರ್ಟಿಷನ್ ಕರಪ್ಟ್ ಆಗಿದೆ, ಹೊಸ ಡಿಸ್ಕ್ ಹಾಕಿಸಿ.' ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಹಳೇ ಸರ್ವರ್ ಒಂದನ್ನು ವಾಪಸ್ ಕೊಡುವಾಗ ಬಿಲ್ಲಿನ ಹಿಂಬದಿಗೆ ಹೀಗೆ ಬರೆದು ಕೊಟ್ಟಿದ್ದರು. ಡಿಸ್ಕ್ ಗಟ್ಟಿಮುಟ್ಟಾಗಿತ್ತು. ಇನ್‌ಸ್ಟಾಲರ್ ಯುಇಎಫ್‌ಐ (ಮದರ್‌ಬೋರ್ಡಿನ ಹೊಸ ಬಗೆಯ ಫರ್ಮ್‌ವೇರ್, ಅಂದರೆ ಮೆಷಿನ್ ಎಬ್ಬಿಸುವ ಸಾಫ್ಟ್‌ವೇರ್) ಮೋಡಿನಲ್ಲಿ ಬೂಟ್ ಆಗಿತ್ತು, ಡಿಸ್ಕಿನ ಮೇಲಿದ್ದದ್ದು ಹಳೇ ಕಾಲದ ಟೇಬಲ್. ಅಷ್ಟೇ ಸಂಗತಿ. ಸರ್ವರಿಗೆ ಓಎಸ್ ಹಾಕುವಾಗ ಏನೇ ಎಡವಟ್ಟಾದರೂ 'ಪಾರ್ಟಿಷನ್ ಪ್ರಾಬ್ಲಂ' ಅಂದುಬಿಡೋದು ಈ ಊರಲ್ಲಿ ರೂಢಿಯಾಗಿಬಿಟ್ಟಿದೆ. ಪಾರ್ಟಿಷನ್ ಅಂದರೆ ಡಿಸ್ಕಿನಲ್ಲಿ ಮಾಡಿಕೊಂಡ ಒಂದೊಂದು ಭಾಗ, ಅದು ಎಲ್ಲರಿಗೂ ಗೊತ್ತು. ಗೊಂದಲ ಇರೋದು ಪಾರ್ಟಿಷನ್ ಟೇಬಲ್ ಅನ್ನೋದರಲ್ಲಿ.

ಡಿಸ್ಕಿನ ಒಂದು ಮೂಲೆಯಲ್ಲಿ ಕೂತಿರುವ ಸಣ್ಣ ದಾಖಲೆ ಅದು. ಯಾವ ಭಾಗ ಯಾವ ಸೆಕ್ಟರಿನಿಂದ (ಡಿಸ್ಕಿನ ಅತಿ ಚಿಕ್ಕ ತುಂಡು) ಶುರು, ಎಲ್ಲಿಗೆ ಮುಗಿಯುತ್ತೆ, ಯಾವ ಬಗೆಯದು, ಹೆಚ್ಚುಕಮ್ಮಿ ಇಷ್ಟೇ ಅದರಲ್ಲಿ ಇರೋದು. ಬೆಂಗಳೂರಿನಲ್ಲಿ ಪಾರ್ಟಿಷನ್ ಅಂದಕೂಡಲೇ ಸಬ್ ರಿಜಿಸ್ಟ್ರಾರ್ ಆಫೀಸು, ಅಣ್ಣತಮ್ಮಂದಿರ ಪಾಲುಪತ್ರ ನೆನಪಾಗುತ್ತೆ. ಹಾಗೇ ಅಂದುಕೊಂಡರೂ ಪರವಾಗಿಲ್ಲ. ಪತ್ರ ಹರಿದುಹೋದರೆ ಜಮೀನು ಎಲ್ಲಿಗೂ ಓಡಿಹೋಗಲ್ಲ, ಗಡಿ ಎಲ್ಲಿತ್ತು ಅಂತ ಹೇಳುವವರು ಇಲ್ಲದಂತಾಗುತ್ತೆ. ಟೇಬಲ್ ಅಳಿಸಿಹೋದರೂ ಡೇಟಾ ಇದ್ದ ಜಾಗದಲ್ಲೇ ಇರುತ್ತೆ. ಟೆಸ್ಟ್‌ಡಿಸ್ಕ್‌ನಂಥ ಟೂಲು ಕಳೆದುಹೋದ ಪಾರ್ಟಿಷನ್ನನ್ನು ಹುಡುಕಿ ಕೊಡೋದು ಅದಕ್ಕೇ ಸಾಧ್ಯ. ಇನ್ನು ಫಾರ್ಮ್ಯಾಟ್ ಅಂದರೆ ಆ ಗಡಿಯ ಒಳಗೆ ಫೈಲ್ ಸಿಸ್ಟಮ್, ಅಂದರೆ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ, ಕಟ್ಟೋದು. ಅದು ಇನ್ನೊಂದೇ ಕೆಲಸ. 'ಫಾರ್ಮ್ಯಾಟ್ ಮಾಡಿದೆ ಸಾರ್, ಆದರೂ ಅದೇ ಎರರ್' ಅನ್ನುವವರಿಗೆ ಉತ್ತರ ಇಲ್ಲೇ ಇದೆ. ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಟೇಬಲ್ಲಿನ ಜಾತಿ ಬದಲಾಗಲ್ಲ.

ಜಾತಿ ಎರಡು: ಹಳೇ ಎಂಬಿಆರ್ (ಮಾಸ್ಟರ್ ಬೂಟ್ ರೆಕಾರ್ಡ್) ಮತ್ತು ಹೊಸ ಜಿಪಿಟಿ (ಜಿಯುಐಡಿ ಪಾರ್ಟಿಷನ್ ಟೇಬಲ್). ಎಂಬಿಆರ್ ಬಂದದ್ದು 1983ರಲ್ಲಿ, ಐಬಿಎಂನ ಪಿಸಿ ಡಾಸ್ 2.0 ಜೊತೆಗೆ. ಡಿಸ್ಕಿನ ಮೊಟ್ಟಮೊದಲ ಸೆಕ್ಟರ್, 512 ಬೈಟು, ಅದರಲ್ಲೇ ಎಲ್ಲಾ ಸಂಸಾರ. 446 ಬೈಟು ಬೂಟ್ ಕೋಡಿಗೆ. ಕೊನೆಯ 2 ಬೈಟು ಸಹಿಗೆ. ಮಧ್ಯದ 64 ಬೈಟು ಟೇಬಲ್ಲಿಗೆ. ಒಂದೊಂದು ಪಾರ್ಟಿಷನ್ ವಿವರಕ್ಕೆ 16 ಬೈಟು ಬೇಕು, ಹಾಗಾಗಿ ಪ್ರೈಮರಿ ಪಾರ್ಟಿಷನ್ ನಾಲ್ಕೇ. ಯಾಕೆ ನಾಲ್ಕು ಅಂತ ಕೇಳಿದರೆ ವರ್ಷಗಟ್ಟಲೆ ಸರ್ವಿಸ್ ಆದವರೂ 'ರೂಲ್ ಸಾರ್ ಅದು' ಅಂತಾರೆ. ರೂಲೂ ಇಲ್ಲ ಏನೂ ಇಲ್ಲ, ಜಾಗ ಇಲ್ಲ ಅಷ್ಟೇ. 2 ಟಿಬಿ ಮಿತಿಯೂ ಇಲ್ಲಿಂದಲೇ ಬಂದದ್ದು. ಸೆಕ್ಟರ್ ನಂಬರ್ ಬರೆಯಲು ಇರೋದು 32 ಬಿಟ್. 512 ಬೈಟಿನ ಸೆಕ್ಟರ್ ಲೆಕ್ಕದಲ್ಲಿ ಅದು 2 ಟಿಬಿಗೆ ನಿಂತುಹೋಗುತ್ತೆ. 4 ಟಿಬಿ ಡಿಸ್ಕ್ ತಂದು ಎಂಬಿಆರ್ ಹಾಕಿ, ಅರ್ಧ ಜಾಗ ಬಳಸೋಕೆ ಬರ್ತಿಲ್ಲ ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗೋದು ಅನ್ಯಾಯ.

ಜಿಪಿಟಿ ಇಂಟೆಲ್‌ನ ಇಎಫ್‌ಐ ಕೆಲಸದಿಂದ ಹುಟ್ಟಿ, ಈಗ ಯುಇಎಫ್‌ಐ ಜೊತೆಗಿದೆ. ಸಾಮಾನ್ಯವಾಗಿ 128 ಪಾರ್ಟಿಷನ್ನಿಗೆ ಜಾಗ ಇರುತ್ತೆ. ಟೇಬಲ್ಲಿನ ಒಂದು ಪ್ರತಿ ಡಿಸ್ಕಿನ ಶುರುವಿನಲ್ಲಿ, ಇನ್ನೊಂದು ಪ್ರತಿ ಡಿಸ್ಕಿನ ಕಟ್ಟಕಡೆಗೆ. ಈ ಎರಡನೇ ಪ್ರತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ತರಲೆ ಮಾಡೋದು ಅದೇ. ಸೊನ್ನೆಯ ಸೆಕ್ಟರಿನಲ್ಲಿ ಒಂದು ಡಮ್ಮಿ ಎಂಬಿಆರ್ ಕೂಡ ಇರುತ್ತೆ. ಡಿಸ್ಕ್ ಖಾಲಿ ಅಂದುಕೊಂಡು ಹಳೇ ಟೂಲುಗಳು ಮೇಲೆ ಬರೆದುಬಿಡದಿರಲಿ ಅಂತ ಆ ಕಾವಲು.

ಈಗ ನನಗೆ ಜಾಸ್ತಿ ಸಿಟ್ಟು ಬರಿಸುವ ಗೊಂದಲಕ್ಕೆ ಬರೋಣ. ಬೂಟ್ ಮೋಡ್ ಬೇರೆ, ಟೇಬಲ್ ಬೇರೆ. ಬೂಟ್ ಮೋಡ್ ಇರೋದು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿ, ಟೇಬಲ್ ಇರೋದು ಡಿಸ್ಕಿನ ಮೇಲೆ. ಬೂಟ್ ಮೆನು ತೆಗೆದಾಗ ಎಷ್ಟೋ ಮೆಷಿನ್ನುಗಳಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತೆ. ಒಂದು ಸಾಲಿನಲ್ಲಿ ಹೆಸರಿನ ಮುಂದೆ 'ಯುಇಎಫ್‌ಐ' ಅಂತ ಇರುತ್ತೆ, ಇನ್ನೊಂದರಲ್ಲಿ ಬರೀ ಕಂಪನಿ ಹೆಸರು. ನಮ್ಮವರು ಕರ್ಸರ್ ಎಲ್ಲಿ ನಿಂತಿದೆಯೋ ಅಲ್ಲೇ ಎಂಟರ್ ಒತ್ತುತ್ತಾರೆ. ಇನ್‌ಸ್ಟಾಲ್ ಯಾವ ದಾರಿ ಹಿಡಿಯುತ್ತೆ ಅನ್ನೋದು ಆ ಒಂದು ಎಂಟರಿನಲ್ಲೇ ತೀರ್ಮಾನ ಆಗಿರುತ್ತೆ. ಅರ್ಧ ಗಂಟೆ ಬಿಟ್ಟು 'ಈ ಡಿಸ್ಕಿನಲ್ಲಿ ಎಂಬಿಆರ್ ಟೇಬಲ್ ಇದೆ, ಇಎಫ್‌ಐ ಸಿಸ್ಟಮ್‌ನಲ್ಲಿ ಜಿಪಿಟಿ ಡಿಸ್ಕಿಗೆ ಮಾತ್ರ ಹಾಕಬಹುದು' ಅಂತ ವಿಂಡೋಸ್ ಸರ್ವರ್ ಹೇಳಿದಾಗ ಡಿಸ್ಕನ್ನು ಬೈಯುತ್ತಾರೆ. ಇಷ್ಟು ಬಿಡಿಸಿ ಹೇಳುವ ಎರರ್ ಮೆಸೇಜ್ ಅಪರೂಪ. ಅದನ್ನೂ ಓದದಿದ್ದರೆ ಏನು ಮಾಡೋದು?

ಆ ಪರದೆಯಲ್ಲೇ ಶಿಫ್ಟ್ ಎಫ್10 ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತೆ. ಡಿಸ್ಕ್‌ಪಾರ್ಟ್, ಆಮೇಲೆ ಲಿಸ್ಟ್ ಡಿಸ್ಕ್. ಬಲತುದಿಯಲ್ಲಿ 'ಜಿಪಿಟಿ' ಅಂತ ಒಂದು ಕಾಲಮ್ ಇದೆ. ನಿಮ್ಮ ಡಿಸ್ಕಿನ ಸಾಲಿನಲ್ಲಿ ಅಲ್ಲೊಂದು ನಕ್ಷತ್ರ ಇದ್ದರೆ ಜಿಪಿಟಿ, ಇಲ್ಲದಿದ್ದರೆ ಅಲ್ಲ. ಒಳಗೆ ಬೇಕಾದ್ದೇನೂ ಇಲ್ಲ ಅಂತ ಖಾತ್ರಿ ಆದಮೇಲೆ ಸೆಲೆಕ್ಟ್ ಡಿಸ್ಕ್, ಕ್ಲೀನ್, ಕನ್ವರ್ಟ್ ಜಿಪಿಟಿ. ಸೆಲೆಕ್ಟ್ ಮಾಡುವಾಗ ನಂಬರ್ ಎರಡು ಸಲ ನೋಡಿ, ಕ್ಲೀನ್ ಯಾರನ್ನೂ ಕೇಳಲ್ಲ. ಬರೀ 'ಕ್ಲೀನ್' ಟೇಬಲ್ಲನ್ನು ಮಾತ್ರ ಅಳಿಸುತ್ತೆ. 'ಕ್ಲೀನ್ ಆಲ್' ಪ್ರತಿ ಸೆಕ್ಟರಿಗೂ ಸೊನ್ನೆ ಬರೆಯುತ್ತೆ, ದೊಡ್ಡ ಡಿಸ್ಕಿಗೆ ಗಂಟೆಗಟ್ಟಲೆ ಹಿಡಿಯುತ್ತೆ. ಹಳೇ ಸರ್ವರ್ ಮಾರುವವರು ಮೊದಲನೆಯದನ್ನು ಮಾಡಿ ಎರಡನೆಯದನ್ನು ಮಾಡಿದೆ ಅಂತ ನಂಬಿರುತ್ತಾರೆ.

'ಜಿಪಿಟಿ ಅಂದ್ರೆ ಯುಇಎಫ್‌ಐ' ಅನ್ನೋ ಸಮೀಕರಣವೂ ಪೂರ್ತಿ ನಿಜ ಅಲ್ಲ. ಬೂಟ್ ಡಿಸ್ಕಿನ ವಿಷಯದಲ್ಲಿ ವಿಂಡೋಸ್ ಕಟ್ಟುನಿಟ್ಟು, ಲಿನಕ್ಸ್ ಅಷ್ಟಿಲ್ಲ. ಯುಇಎಫ್‌ಐಗೂ ಮುಂಚಿನ ಹಳೇ ಬಯಾಸ್ ಮೋಡಿನಲ್ಲೂ ಜಿಪಿಟಿ ಡಿಸ್ಕಿನಿಂದ ಲಿನಕ್ಸ್ ಬೂಟ್ ಆಗುತ್ತೆ. ಆದರೆ ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರ್ ಗ್ರಬ್‌ಗೆ ತನ್ನ ಕೋಡ್ ಇಡೋಕೆ 1 ಎಂಬಿಯ 'ಬಯಾಸ್ ಬೂಟ್' ಪಾರ್ಟಿಷನ್ ಬೇಕು. ಅದಕ್ಕೆ ಫೈಲ್ ಸಿಸ್ಟಮ್ ಇಲ್ಲ, ಮೌಂಟ್ ಪಾಯಿಂಟೂ ಇಲ್ಲ. ಯುಇಎಫ್‌ಐ ಆದರೆ ಫ್ಯಾಟ್32ನಲ್ಲಿ ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಬೇಕು. ಒಂದರ ಬದಲು ಇನ್ನೊಂದು ನಡೆಯಲ್ಲ. ಈಗ ಯಾವ ಮೋಡಿನಲ್ಲಿದ್ದೀರಿ ಅನ್ನೋ ಅನುಮಾನ ಇದ್ದರೆ ಲಿನಕ್ಸ್ ಇನ್‌ಸ್ಟಾಲರಿನ ಶೆಲ್‌ನಲ್ಲಿ (ಕಮ್ಯಾಂಡ್ ಟೈಪ್ ಮಾಡುವ ಕಿಟಕಿ) /sys/firmware ಒಳಗೆ efi ಅನ್ನೋ ಡೈರೆಕ್ಟರಿ ಇದೆಯಾ ನೋಡಿ. ಇದ್ದರೆ ಯುಇಎಫ್‌ಐ.

ಟೇಬಲ್ಲಿಗೂ ತಕರಾರಿಗೂ ಸಂಬಂಧವೇ ಇಲ್ಲದ ಕೇಸುಗಳೂ ಇವೆ. ಪೀಣ್ಯದ ಒಂದು ಫ್ಯಾಕ್ಟರಿಯಿಂದ ಫೋನು.

'ಸಾರ್, ಡಿಸ್ಕೇ ತೋರಿಸ್ತಿಲ್ಲ. ಪಾರ್ಟಿಷನ್ ಹೋಗಿರಬೇಕು.'

'ಡಿಸ್ಕೇ ಕಾಣ್ತಿಲ್ಲ ಅಂದ್ಮೇಲೆ ಪಾರ್ಟಿಷನ್ ಹೋಯ್ತು ಅಂತ ನಿಂಗೆ ಹೆಂಗಪ್ಪಾ ಗೊತ್ತಾಯ್ತು? ರೇಡ್ ಕಾರ್ಡ್ ಇದ್ಯಾ?'

'ಇದೆ ಸಾರ್.'

'ವರ್ಚುವಲ್ ಡಿಸ್ಕ್ ಮಾಡಿದ್ಯಾ?'

ಮಾಡಿರಲಿಲ್ಲ. ರೇಡ್ ಕಂಟ್ರೋಲರ್ ಅಂದರೆ ಹಲವು ಡಿಸ್ಕುಗಳನ್ನು ಸೇರಿಸಿ ಒಂದೇ 'ವರ್ಚುವಲ್ ಡಿಸ್ಕ್' ಆಗಿ ತೋರಿಸುವ ಕಾರ್ಡು. ಅದು ಇರುವ ಸರ್ವರಿನಲ್ಲಿ, ರೇಡ್ ಮೋಡಿನಲ್ಲಿದ್ದರೆ, ಕಂಟ್ರೋಲರ್ ತೋರಿಸಿದ್ದಷ್ಟೇ ಇನ್‌ಸ್ಟಾಲರಿಗೆ ಕಾಣೋದು. ವರ್ಚುವಲ್ ಡಿಸ್ಕ್ ಮಾಡದೆ ಬೇ ತುಂಬಾ ಡಿಸ್ಕ್ ಚುಚ್ಚಿದರೂ ಪಟ್ಟಿ ಖಾಲಿ. ಬೇರೆ ಸರ್ವರಿನಿಂದ ಕಿತ್ತು ತಂದ ಡಿಸ್ಕ್ ಆದರೆ ಡೆಲ್‌ನ ಪರ್ಕ್ ಅನ್ನೋ ರೇಡ್ ಕಾರ್ಡು ಅದನ್ನು 'ಫಾರಿನ್' ಅಂತ ಪಕ್ಕಕ್ಕೆ ಇಟ್ಟಿರುತ್ತೆ. ಇಂಪೋರ್ಟ್ ಮಾಡಬೇಕು, ಇಲ್ಲಾ ಕ್ಲಿಯರ್ ಮಾಡಬೇಕು. ವರ್ಚುವಲ್ ಡಿಸ್ಕ್ ಇದ್ದೂ ವಿಂಡೋಸಿಗೆ ಕಾಣದಿದ್ದರೆ ಕಂಟ್ರೋಲರಿನ ಡ್ರೈವರ್ ಪೆನ್‌ಡ್ರೈವಿನಲ್ಲಿ ತಂದು 'ಲೋಡ್ ಡ್ರೈವರ್' ಒತ್ತಿ.

ಬಳಸಿದ ಡಿಸ್ಕಿನ ಇನ್ನೊಂದು ಕಾಟ ಅಂದರೆ ಹಳೇ ಗುರುತುಗಳು. ಡಿಡಿ ಕಮ್ಯಾಂಡಿನಲ್ಲಿ ಮೊದಲ 1 ಎಂಬಿ ಅಳಿಸಿ ಡಿಸ್ಕ್ ಶುದ್ಧ ಅಂದುಕೊಳ್ಳುವವರು ಬಹಳ. ಜಿಪಿಟಿಯ ಎರಡನೇ ಪ್ರತಿ ಕೊನೆಯಲ್ಲಿ ಹಾಗೇ ಇರುತ್ತಲ್ವಾ? ಅಂಥ ಡಿಸ್ಕನ್ನು ಜಿಡಿಸ್ಕ್ ಅನ್ನೋ ಟೂಲಿನಲ್ಲಿ ತೆರೆದರೆ 'ಮುಖ್ಯ ಹೆಡರ್ ಸರಿಯಿಲ್ಲ, ಬ್ಯಾಕಪ್‌ನಿಂದ ಮತ್ತೆ ಕಟ್ಟುತ್ತಿದ್ದೇನೆ' ಅಂತ ಎಚ್ಚರಿಸಿ ಹಳೇ ಪಾರ್ಟಿಷನ್‌ಗಳನ್ನೇ ಎದುರಿಗೆ ತಂದು ನಿಲ್ಲಿಸುತ್ತೆ. ಲಿನಕ್ಸಿನ ಸಾಫ್ಟ್‌ವೇರ್ ರೇಡ್ ಕೂಡ ಕೆಲವು ಆವೃತ್ತಿಗಳಲ್ಲಿ ತನ್ನ ಗುರುತನ್ನು ಡಿಸ್ಕಿನ ಕೊನೆಯಲ್ಲೇ ಇಡುತ್ತೆ. ಅರ್ಧಂಬರ್ಧ ಒರೆಸೋ ಬದಲು ಎಲ್ಲಾ ಗುರುತು ಅಳಿಸೋಕೆ ವೈಪ್‌ಎಫ್‌ಎಸ್ ಆಲ್, ಬರೀ ಟೇಬಲ್ ಅಳಿಸೋಕೆ ಎಸ್‌ಜಿಡಿಸ್ಕಿನ ಜ್ಯಾಪ್ ಆಲ್ ಬಳಸಿ. ಅದಕ್ಕೂ ಮುಂಚೆ ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಹಾಕಿ ಅದು ನಿಮಗೆ ಬೇಕಾದ ಡಿಸ್ಕೇನಾ ಅಂತ ಸೈಜ್ ನೋಡಿ.

ಕೊನೆಗೆ ಉಬುಂಟು ಸರ್ವರಿನವರ ದೂರು. '500 ಜಿಬಿ ಡಿಸ್ಕ್ ಹಾಕಿದೆ, 100 ಜಿಬಿ ಮಾತ್ರ ಕಾಣ್ತಿದೆ, ಪಾರ್ಟಿಷನ್ ತಪ್ಪಾಗಿದೆ.' ಪಾರ್ಟಿಷನ್ ಸರಿಯಾಗೇ ಇದೆ. ಎಲ್‌ವಿಎಂ ಅಂದರೆ ಡಿಸ್ಕಿನ ಜಾಗವನ್ನು 'ವಾಲ್ಯೂಮ್ ಗ್ರೂಪ್' ಅನ್ನೋ ಒಂದು ರಾಶಿಗೆ ಹಾಕಿ, ಅದರಿಂದ ಬೇಕಾದಷ್ಟು ತುಂಡು (ಎಲ್‌ವಿ) ಕತ್ತರಿಸಿಕೊಳ್ಳುವ ವ್ಯವಸ್ಥೆ. ಡಿಫಾಲ್ಟ್ ಎಲ್‌ವಿಎಂ ಲೇಔಟ್ ಆರಿಸಿದರೆ ಇನ್‌ಸ್ಟಾಲರ್ ವಾಲ್ಯೂಮ್ ಗ್ರೂಪಿಗೆ ಉಳಿದ ಜಾಗವನ್ನೆಲ್ಲಾ ಕೊಟ್ಟು, ರೂಟಿಗೆ (ಓಎಸ್ ಕೂರುವ ಮುಖ್ಯ ತುಂಡು) ಒಂದು ಪಾಲು ಮಾತ್ರ ಕೊಡುತ್ತೆ. ಆ ಜಾಗ 200 ಜಿಬಿ ದಾಟಿದ್ದರೆ ರೂಟಿಗೆ 100, ಮಿಕ್ಕಿದ್ದು ಆಮೇಲೆ ಬೇಕಾಗಬಹುದು ಅಂತ ಕೈಯಲ್ಲಿಟ್ಟುಕೊಳ್ಳುತ್ತೆ. ಎಲ್‌ವಿ ಎಕ್ಸ್‌ಟೆಂಡ್ ಮಾಡಿ, ಆಮೇಲೆ ಫೈಲ್ ಸಿಸ್ಟಮ್ ಇಎಕ್ಸ್‌ಟಿ4 ಆದರೆ ರೀಸೈಜ್2ಎಫ್‌ಎಸ್, ಎಕ್ಸ್‌ಎಫ್‌ಎಸ್ ಆದರೆ ಎಕ್ಸ್‌ಎಫ್‌ಎಸ್ ಗ್ರೋಎಫ್‌ಎಸ್. ಸರ್ವರ್ ನಿಲ್ಲಿಸೋದೂ ಬೇಡ. ಪೂರ್ತಿ ಜಾಗ ಒಂದೇ ಸಲ ಕೊಟ್ಟುಬಿಡುವ ಮುಂಚೆ ಸ್ನ್ಯಾಪ್‌ಶಾಟಿಗೆ (ಆ ಕ್ಷಣದ ಸ್ಥಿತಿಯ ನಕಲು) ಏನಾದರೂ ಉಳಿಸಬೇಕಾ ಅಂತ ಯೋಚಿಸಿ. ಎಕ್ಸ್‌ಎಫ್‌ಎಸ್ ಆದರೆ ಇನ್ನೂ ಜಾಸ್ತಿ ಯೋಚಿಸಿ, ಅದನ್ನು ದೊಡ್ಡದು ಮಾಡಬಹುದೇ ಹೊರತು ಮತ್ತೆ ಚಿಕ್ಕದು ಮಾಡಬೇಕು ಅಂದರೆ ಬ್ಯಾಕಪ್ ತೆಗೆದು ಹೊಸದಾಗಿ ಕಟ್ಟಬೇಕಾಗುತ್ತೆ.